ಕತ್ತ: ತೆಂಗಿನ ನಾರು, ಅದರ ಹುರಿ ಮತ್ತು ಹಗ್ಗ

ತೆಂಗಿನಕಾಯಿಯ ಹೊರಗಿನ ನಯವಾದ ತೊಗಲಿಗೂ ಒಳಗಿನ ಗಟ್ಟಿ ಗೆರಟೆಗೂ ನಡುವೆ ತುಂಬಿರುವ ಸಿಪ್ಪೆಯಿಂದ ಬಿಡಿಸಿದ ನಾರಿಗೆ ಕರಾವಳಿಯಲ್ಲಿ ಕತ್ತ ಎಂದು ಹೆಸರು. ಆ ನಾರಿನಿಂದ ಹೊಸೆದ ಹುರಿಯನ್ನೂ ಅದೇ ಹೆಸರಿನಿಂದ ಕರೆಯುತ್ತಾರೆ. ಘಟ್ಟದ ಮೇಲೆ ಇದು ಬರೇ ತೆಂಗಿನ ನಾರು. ಮಲಯಾಳದಲ್ಲಿ ನಾರು ಚಕಿರಿ, ಹುರಿ ಕಯರ್; ಈ ಕಯರೇ ಪೋರ್ಚುಗೀಸರ ಬಾಯಲ್ಲಿ ಕೈರೊ ಆಗಿ, ಇಂಗ್ಲಿಷರ ಬಾಯಲ್ಲಿ ಕಾಯರ್ ಆಗಿ ಲೋಕಕ್ಕೆಲ್ಲ ಹರಡಿತು. ಹೆಸರಿನ ಹೋಲಿಕೆ ನೋಡಿ ಕತ್ತವನ್ನು ಕತ್ತಾಳೆಯ ನಾರೆಂದು ತಿಳಿಯುವವರಿದ್ದಾರೆ, ಎರಡಕ್ಕೂ ಸಂಬಂಧವಿಲ್ಲ. ಕತ್ತಾಳೆ ಅಮೆರಿಕದಿಂದ ಬಂದ ಗಿಡ, ಅದರ ನಾರು ಎಲೆಯದು. ಕತ್ತ ಕಾಯಿಯದು.

ಕತ್ತಕ್ಕೆ ಎಂಥ ನೆಲ ಬೇಕೆಂಬುದಕ್ಕೆ ಒಂದು ಊರನ್ನು ನೋಡಬಹುದು. ಕಾಸರಗೋಡು ಜಿಲ್ಲೆಯಲ್ಲಿ ಕುಂಬಳೆಗೂ ಕಾಸರಗೋಡಿಗೂ ನಡುವೆ ಇರುವ ಮೊಗ್ರಾಲ್ ಒಂದು ಅಳಿವೆಯ ಊರು. ಮಧೂರು ದೇವಸ್ಥಾನದ ಪಕ್ಕದಲ್ಲಿ ಮಧುವಾಹಿನಿ ಎನಿಸಿಕೊಂಡ ಹೊಳೆಯೇ ಇಲ್ಲಿ ಮೊಗ್ರಾಲ್ ಹೊಳೆಯಾಗಿ ಕಡಲು ಸೇರುತ್ತದೆ. ಉದ್ದ 34 ಕಿಲೋಮೀಟರು, ಕರಾವಳಿಯ ಲೆಕ್ಕದಲ್ಲಿ ಸಣ್ಣದೇ. ಹೊರಗಿನವರು ಈ ಊರನ್ನು ಮಾಪ್ಪಿಳ ಪಾಟ್ಟೆಂಬ ಹಾಡುಗಳಿಂದಲೋ ಫುಟ್‌ಬಾಲಿನಿಂದಲೋ ಬಲ್ಲರು. ಕತ್ತದ ಕಣ್ಣಿನಿಂದ ನೋಡಿದರೆ ಊರಿಗೆ ಬೇರೆ ಎರಡು ಆಸ್ತಿ: ಹೊಯ್ಗೆಯ ಅಂಚಿನವರೆಗೂ ನಿಂತ ತೆಂಗು, ಮತ್ತು ಕಡಲು ಏರಿದಾಗಲೆಲ್ಲ ಉಪ್ಪಾಗುವ ಹೊಳೆಯ ನೀರು. ಒಳ್ಳೆಯ ಕತ್ತಕ್ಕೆ ಈ ಎರಡೂ ಬೇಕು. ತೆಂಗು ಎಲ್ಲಿ ಬೇಕಾದರೂ ಬೆಳೆದೀತು, ಎರಡನೆಯದು ಹಾಗಲ್ಲ.

ಸಿಪ್ಪೆಯೊಳಗೆ ನಾರುಗಳು ಒಂದು ಬಗೆಯ ಮೆದು ಹೊಟ್ಟಿನಲ್ಲಿ ಹೂತಿರುತ್ತವೆ. ಅವನ್ನು ಹೊಟ್ಟಿಗೆ ಅಂಟಿಸಿ ಹಿಡಿದಿರುವುದು ಪೆಕ್ಟಿನ್ ಮೊದಲಾದ ಅಂಟು ಪದಾರ್ಥಗಳು. ಸಿಪ್ಪೆಯನ್ನು ಆರರಿಂದ ಹತ್ತು ತಿಂಗಳು ಉಪ್ಪುನೀರಿನಲ್ಲಿ ಮುಳುಗಿಸಿಟ್ಟರೆ ಬ್ಯಾಕ್ಟೀರಿಯಾಗಳು ಈ ಅಂಟನ್ನು ತಿಂದು ಮುಗಿಸುತ್ತವೆ, ನಾರನ್ನು ಮುಟ್ಟುವುದಿಲ್ಲ. ಮುಟ್ಟದಿರುವುದಕ್ಕೆ ಕಾರಣ ಲಿಗ್ನಿನ್. ಮರಕ್ಕೆ ಗಡಸು ಕೊಡುವ ಈ ವಸ್ತು ತೆಂಗಿನ ನಾರಿನ ತೂಕದಲ್ಲಿ ಶೇಕಡಾ 40ಕ್ಕಿಂತಲೂ ಹೆಚ್ಚು. ಹತ್ತಿಯಲ್ಲಿ ಅದು ಇಲ್ಲವೆಂದೇ ಹೇಳಬಹುದು. ಬೇರೆ ಹಗ್ಗಗಳು ಕೊಳೆತುಹೋಗುವ ನೀರಿನಲ್ಲಿ ಕತ್ತ ಹದವಾಗುವುದು ಇದರಿಂದ. ಕೊಳೆಸುವುದಕ್ಕೆ ಹತ್ತು, ಹನ್ನೊಂದು ತಿಂಗಳ ಹಸಿ ಕಾಯಿಯ ಸಿಪ್ಪೆಯೇ ಆಗಬೇಕು. ಪೂರ್ತಿ ಬಲಿತು ಒಣಗಿದ ಕಾಯಿಯಲ್ಲಿ ನಾರು ಕಂದಾಗಿ ಒರಟಾಗಿರುತ್ತದೆ. ಏರಿಳಿತದ ನೀರು ಗುಂಡಿಯ ಕೊಳಕನ್ನು ದಿನವೂ ತೊಳೆದೊಯ್ದರೆ ನಾರಿಗೆ ಹೊಂಬಣ್ಣ ಬರುತ್ತದೆ, ನಿಂತ ನೀರಿನಲ್ಲಿ ಕಪ್ಪಡರುತ್ತದೆ.

ಕೆಲಸ ಚಂದದ್ದಲ್ಲ. ಸಿಪ್ಪೆಗಳನ್ನು ಬಲೆಯಲ್ಲಿ ಕಟ್ಟಿ ಅಥವಾ ಗುಂಡಿಯಲ್ಲಿ ಒಟ್ಟಿ, ಮೇಲೆ ಮಡಲು ಹಾಸಿ, ಕೆಸರು ಹೇರಿ ಮುಳುಗಿಸುತ್ತಾರೆ. ತಿಂಗಳುಗಳು ಕಳೆದು ತೆಗೆಯುವ ಹೊತ್ತಿಗೆ ಕೊಳೆತ ಮೊಟ್ಟೆಯ ನಾತ ಊರಿಗೇ ಹಬ್ಬುತ್ತದೆ. ಅದು ಹೈಡ್ರೋಜನ್ ಸಲ್ಫೈಡ್. ಗುಂಡಿಯ ಸುತ್ತಲಿನ ನೀರಿನಲ್ಲಿ ಆಮ್ಲಜನಕ ಕಡಿಮೆಯಾಗಿ ಮೀನೂ ನಿಲ್ಲುವುದಿಲ್ಲ. ಹೆಂಗಸರು ಸೊಂಟದ ಮಟ್ಟದ ನೀರಿನಲ್ಲಿ ನಿಂತು ಸಿಪ್ಪೆ ತೊಳೆದು, ಮೇಲಿನ ತೊಗಲು ಸುಲಿದು, ಮರದ ಕೊರಡಿನ ಮೇಲಿಟ್ಟು ಕೊಡತಿಯಿಂದ ಬಡಿಯುತ್ತಾರೆ. ಬಡಿದಂತೆ ಹೊಟ್ಟು ಉದುರಿ ನಾರು ಉಳಿಯುತ್ತದೆ. ಸಾವಿರ ಸಿಪ್ಪೆಗೆ ಸಿಗುವುದು ಹೆಚ್ಚುಕಡಿಮೆ 80 ಕಿಲೋ ನಾರು. ಅದನ್ನು ನೆರಳಿನಲ್ಲಿ ಹರವಿ, ಕೋಲಿನಿಂದ ಎತ್ತಿ ಎತ್ತಿ ಹಾಕಿ ಒಣಗಿಸಬೇಕು.

ಹೊಸೆಯುವ ಕೈಯನ್ನು ಹತ್ತಿರದಿಂದ ನೋಡಬೇಕು. ಒಂದು ಚಿಟಿಕೆ ನಾರನ್ನು ಎರಡು ಅಂಗೈಗಳ ನಡುವೆ ಹಿಡಿದು ಒಮ್ಮೆ ಮುಂದಕ್ಕೆ ಉಜ್ಜಿದರೆ ಎಳೆಯಾಗುತ್ತದೆ. ಅಂಥ ಎರಡು ಎಳೆಗಳನ್ನು ಜತೆಗೂಡಿಸಿ ಹಿಂದಕ್ಕೆ ಉಜ್ಜಿದರೆ ಹುರಿ. ಮೊದಲನೆಯ ತಿರುವು ಒಂದು ದಿಕ್ಕಿಗೆ, ಎರಡನೆಯದು ಎದುರು ದಿಕ್ಕಿಗೆ. ಪ್ರತಿ ಎಳೆಯೂ ತನ್ನ ತಿರುವು ಬಿಚ್ಚಿಕೊಳ್ಳಲು ಹವಣಿಸುತ್ತದೆ, ಹವಣಿಸಿದಷ್ಟೂ ಇನ್ನೊಂದನ್ನು ಬಿಗಿಯುತ್ತದೆ. ಗಂಟಿಲ್ಲದೆ, ಅಂಟಿಲ್ಲದೆ ಗೇಣುದ್ದದ ನಾರುಗಳು ನೂರು ಮಾರು ಹಗ್ಗವಾಗುವ ಗುಟ್ಟು ಇಷ್ಟೇ. ತುದಿ ಮುಗಿಯುವ ಮೊದಲೇ ಹೊಸ ಚಿಟಿಕೆ ಸೇರಿಸಿಕೊಳ್ಳಬೇಕು, ಸೇರಿಸಿದ ಜಾಗ ಕಣ್ಣಿಗೆ ಕಾಣಬಾರದು. ಮುಂದೆ ರಾಟೆ ಬಂತು. ಒಬ್ಬರು ರಾಟೆ ತಿರುಗಿಸಿದರೆ ಸೊಂಟಕ್ಕೆ ನಾರಿನ ಕಟ್ಟು ಸಿಕ್ಕಿಸಿಕೊಂಡ ಹೆಂಗಸರು ಎಳೆ ಬಿಡುತ್ತ ಹಿಂದೆ ಹಿಂದೆ ನಡೆಯುತ್ತಾರೆ. ವೇಗ ಹೆಚ್ಚಿತು. ಆದರೆ ಕೈಹುರಿಯಷ್ಟು ಮೆತ್ತಗಿನ, ಒಂದೇ ಸಮನಾದ ಹುರಿ ರಾಟೆಯಲ್ಲಿ ಬರುವುದಿಲ್ಲವೆಂದು ಬಲ್ಲವರ ಅಭಿಪ್ರಾಯ.

ಊರಮನೆಯಲ್ಲಿ ಕತ್ತ ಇಲ್ಲದ ಕೆಲಸವೇ ಇರಲಿಲ್ಲ. ಮಾಡಿಗೆ ಮಡಲು ಬಿಗಿಯಲು, ಬೇಲಿ ಕಟ್ಟಲು, ಬಾವಿಯಿಂದ ನೀರೆಳೆಯಲು, ದನ ಕಟ್ಟಲು, ಮರ ಹತ್ತುವವನ ಕಾಲಿಗೆ ತಳೆಯಾಗಲು, ದೋಣಿಯನ್ನು ದಡಕ್ಕೆ ಬಿಗಿಯಲು ಎಲ್ಲದಕ್ಕೂ ಅದೇ. ಕಡಲ ಕರೆಯಲ್ಲಿ ರಾಂಪಣಿ ಬಲೆಯನ್ನು ಹತ್ತಾರು ಮಂದಿ ದಡದಿಂದ ಜಗ್ಗುತ್ತಿದ್ದುದು ಕತ್ತದ ಹಗ್ಗದಿಂದ. ಅದು ನೀರಿನಲ್ಲಿ ತೇಲುತ್ತದೆ, ಜಗ್ಗಿದರೆ ಸ್ವಲ್ಪ ಹಿಗ್ಗುತ್ತದೆ. ಅಲೆಗೆ ತೊನೆಯುವ ದೋಣಿಗೆ ಬಿಗಿದ ಹಗ್ಗ ಹಿಗ್ಗದಿದ್ದರೆ ಹರಿಯುತ್ತದೆ.

ಎಲ್ಲ ನಾರೂ ಎಲ್ಲದಕ್ಕೂ ಆಗುವುದಿಲ್ಲವೆಂಬ ವಿವೇಕವೂ ಇಲ್ಲಿನವರಿಗಿತ್ತು. ಮಲ್ಲಿಗೆ ಕಟ್ಟುವುದು ಬಾಳೆಯ ನಾರಿನಲ್ಲಿ, ಏಕೆಂದರೆ ಕತ್ತ ಹೂವಿನ ತೊಟ್ಟನ್ನು ಕೊಯ್ಯುತ್ತದೆ. ಹೂವಿನೊಂದಿಗೆ ಸ್ವರ್ಗಕ್ಕೆ ಹೋದ ಗಾದೆಯ ನಾರು ಅದೇ ಇರಬೇಕು. ಕತ್ತಕ್ಕೆ ಆ ಯೋಗವಿಲ್ಲ. ಮಲಗುವ ಚಾಪೆಗೆ ಹೊಳೆಬದಿಯ ಮುಂಡೇವಿನ ಓಲೆ: ಮುಳ್ಳು ತೆಗೆದು, ಬೇಯಿಸಿ, ಒಣಗಿಸಿ, ಸೀಳಿ ಹೆಣೆದದ್ದು. ಕಡುಬು ಬೇಯಿಸುವ ಮೂಡೆಗೂ ಅದೇ ಓಲೆ. ಕಾಲೊರೆಸುವ ಚಾಪೆ ಮಾತ್ರ ಕತ್ತದ್ದು, ಅದೂ ಪೇಟೆಯಿಂದ ತಡವಾಗಿ ಬಂದ ಅಭ್ಯಾಸ.

ಕತ್ತದ ದೊಡ್ಡ ಚರಿತ್ರೆ ಇರುವುದು ಹಡಗಿನಲ್ಲಿ. ಅರಬ್ಬಿ ಸಮುದ್ರದ ಹಡಗುಗಳಲ್ಲಿ ಹಲಗೆಗಳನ್ನು ಮೊಳೆ ಹೊಡೆದು ಕೂಡಿಸುತ್ತಿರಲಿಲ್ಲ. ಅಂಚಿನಲ್ಲಿ ತೂತು ಕೊರೆದು, ಜೋಡಿಕೆಯ ಮೇಲೆ ನಾರಿನ ಮೆತ್ತೆ ಇಟ್ಟು, ಕತ್ತದ ಹುರಿಯಿಂದ ಹೊಲಿಯುತ್ತಿದ್ದರು. 1030ರ ಸುಮಾರಿಗೆ ಭಾರತದ ಬಗ್ಗೆ ಬರೆದ ಅಲ್ ಬಿರೂನಿ ಈ ಕಡಲಿನ ದ್ವೀಪಗಳನ್ನು ಎರಡಾಗಿ ವಿಂಗಡಿಸಿದ: ಕವಡೆಯ ದ್ವೀಪಗಳು, ಮತ್ತು ಹಡಗು ಹೊಲಿಯುವ ನಾರುಹುರಿಯ, ಅಂದರೆ ಕಂಬರದ ದ್ವೀಪಗಳು. ಹದಿಮೂರನೆಯ ಶತಮಾನದಲ್ಲಿ ಹೋರ್ಮುಜ್‌ನಲ್ಲಿ ಇಂಥ ಹಡಗು ನೋಡಿದ ಮಾರ್ಕೊ ಪೋಲೊ ಮೂಗು ಮುರಿದ. ಹುರಿ ಉಪ್ಪುನೀರಿಗೆ ಕೆಡುವುದಿಲ್ಲವೆಂದು ಒಪ್ಪಿಕೊಂಡರೂ ಹಡಗುಗಳು ಕೆಟ್ಟವು, ಎಷ್ಟೋ ಮುಳುಗಿಹೋಗುತ್ತವೆ ಎಂದ. ಹೊನ್ನಾವರ, ಬಾರ್ಕೂರು, ಮಂಗಳೂರುಗಳನ್ನು ನೋಡಿ ತೆಂಕಲಿಗೆ ಏಳಿಮಲೆಯತ್ತ ಹಡಗಿನಲ್ಲಿ ಹೋದ ಇಬ್ನ್ ಬತೂತಾ ಮೊಗ್ರಾಲಿನ ಕಡಲನ್ನೂ ದಾಟಿಯೇ ಹೋಗಿರಬೇಕು. ಅವನ ಮಾತು ಬೇರೆ. ಬಂಡೆಗೆ ಬಡಿದರೆ ಮೊಳೆಯ ಹಡಗು ಒಡೆಯುತ್ತದೆ, ಹೊಲಿದದ್ದು ಬಾಗಿ ಬದುಕುತ್ತದೆ. ಮಾಲ್ದೀವಿನಲ್ಲಿ ಖಾಜಿಯಾಗಿದ್ದ ಆತ ಸಿಪ್ಪೆಯನ್ನು ದಡದ ಗುಂಡಿಗಳಲ್ಲಿ ನೆನೆಹಾಕುವುದು, ಬಡಿಯುವುದು, ಹೆಂಗಸರು ಹೊಸೆಯುವುದು ಎಲ್ಲವನ್ನೂ ಬರೆದಿಟ್ಟಿದ್ದಾನೆ. ಹೋರ್ಮುಜ್ ಪೇಟೆಯಲ್ಲಿ ನಿಂತು ಹಡಗು ನೋಡಿದವನಿಗಿಂತ ಅದರಲ್ಲೇ ವರ್ಷಗಟ್ಟಲೆ ಪ್ರಯಾಣ ಮಾಡಿದವನ ಮಾತಿಗೆ ತೂಕ ಹೆಚ್ಚು.

ಕನ್ನಡ ಕರಾವಳಿಗೆ ಕಂಬರದ ಆ ದ್ವೀಪಗಳು ದೂರದವಲ್ಲ. ಲಕ್ಷದ್ವೀಪದ ಅಮಿನಿ ಗುಂಪು ಕಣ್ಣಾನೂರಿನ ಅರಕ್ಕಲ್ ಮನೆತನದ ಕೈಯಲ್ಲಿತ್ತು. ಆಡಳಿತದಿಂದ ಬೇಸತ್ತ ದ್ವೀಪದವರು 1783ರಲ್ಲಿ ಮಂಗಳೂರಿಗೆ ಬಂದು ಟಿಪ್ಪು ಸುಲ್ತಾನನಿಗೆ ಮೊರೆಯಿಟ್ಟರು, ಮುಂದೆ ಆ ಗುಂಪು ಅವನಿಗೆ ಸೇರಿತು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಈಸ್ಟ್ ಇಂಡಿಯಾ ಕಂಪನಿಯ ಕೈಗೆ ಹೋಗಿ ಮಂಗಳೂರಿನ ಕಲೆಕ್ಟರನ ಆಡಳಿತಕ್ಕೊಳಪಟ್ಟಿತು. ದ್ವೀಪಗಳ ಅಧಿಕಾರಿಗೆ ಮೊಣೆಗಾರನೆಂದು ಹೆಸರಿತ್ತು, ನಮ್ಮ ಕರಾವಳಿಯದೇ ಪದ. ದ್ವೀಪಗಳ ಕತ್ತ ಸರ್ಕಾರದ ಏಕಸ್ವಾಮ್ಯವಾಗಿತ್ತು: ಬೇರೆ ಯಾರಿಗೂ ಮಾರುವಂತಿರಲಿಲ್ಲ, ಗೊತ್ತುಪಡಿಸಿದ ದರಕ್ಕೆ ಮಂಗಳೂರಿನಲ್ಲಿ ಒಪ್ಪಿಸಿ ಬದಲಿಗೆ ಅಕ್ಕಿ ಒಯ್ಯಬೇಕಿತ್ತು. ದ್ವೀಪದಲ್ಲಿ ಭತ್ತ ಬೆಳೆಯುವುದಿಲ್ಲ. ಅನ್ನದ ಆಸೆಗೆ ಹುರಿ ಹೊಸೆಸುವ ಈ ವ್ಯಾಪಾರವನ್ನು ನ್ಯಾಯವೆನ್ನಲು ಬಾರದು. ಮಳೆಗಾಲ ಮುಗಿದ ಮೇಲೆ ದ್ವೀಪದ ಓಡಗಳು, ಅವೂ ಹೊಲಿದವೇ, ಕತ್ತ ತುಂಬಿಕೊಂಡು ಮಂಗಳೂರಿನ ಬಂದರಿಗೆ ಬರುತ್ತಿದ್ದವು.

ಕಾಸರಗೋಡು ತಾಲೂಕೂ ಆಗ ಮಂಗಳೂರಿನಿಂದ ಆಳಿದ ಅದೇ ದಕ್ಷಿಣ ಕನ್ನಡ ಜಿಲ್ಲೆಯದು. 1956ರ ನವೆಂಬರ್ 1ರಂದು ಎರಡೂ ಒಂದೇ ದಿನ ಮಂಗಳೂರಿನಿಂದ ಕಳಚಿದವು: ದ್ವೀಪಗಳು ಕೇಂದ್ರಾಡಳಿತಕ್ಕೆ, ಕಾಸರಗೋಡು ಕೇರಳಕ್ಕೆ. ಕಾಸರಗೋಡಿನ ವಿಷಯದಲ್ಲಿ ನಾವು ಕನ್ನಡಿಗರು ಆಡಿದಷ್ಟು ಮಾತು ದ್ವೀಪಗಳ ವಿಷಯದಲ್ಲಿ ಯಾರೂ ಆಡಿದ್ದಿಲ್ಲ.

ಕಾರ್ಖಾನೆಯ ಕತೆ ತೆಂಕಣದ್ದು. 1859ರಲ್ಲಿ ಜೇಮ್ಸ್ ಡಾರಾ ಮತ್ತು ಹೆನ್ರಿ ಸ್ಮೇಲ್ ಎಂಬವರು ಆಲಪ್ಪುಳದಲ್ಲಿ ಮಗ್ಗ ಹೂಡಿ ಕತ್ತದ ಚಾಪೆ ನೇಯಿಸಿದರು. ಅಲ್ಲಿಂದ ಯುರೋಪಿನ ಹೊಸ್ತಿಲುಗಳಿಗೆಲ್ಲ ಚಾಪೆ ಹೋಯಿತು. 1938ರಲ್ಲಿ ಅಲ್ಲಿನ ಕೆಲಸಗಾರರ ಮುಷ್ಕರ ತಿರುವಾಂಕೂರನ್ನೇ ಅಲುಗಾಡಿಸಿತು. ಅಂಜುತೆಂಗು, ವೈಕಂ, ಅಷ್ಟಮುಡಿ, ಕೊಯಿಲಾಂಡಿ, ಬೇಪೂರು ಎಂದು ಊರಿನ ಹೆಸರಿನಲ್ಲೇ ಹುರಿ ಮಾರಾಟವಾಗುತ್ತಿತ್ತು. ಹೆಚ್ಚಿನವು ದಕ್ಷಿಣದ ಹಿನ್ನೀರಿನ ಊರುಗಳು. ಸ್ವಾತಂತ್ರ್ಯಾನಂತರ 1953ರ ಕಾಯ್ದೆಯಂತೆ ಕಾಯರ್ ಬೋರ್ಡ್ ಬಂತು, ಕಚೇರಿ ಕೊಚ್ಚಿಯಲ್ಲಿ, ಸಂಶೋಧನೆ ಆಲಪ್ಪುಳದ ಕಲವೂರಿನಲ್ಲಿ. ಮೊಗ್ರಾಲಿನ ನೆರೆಯ ಕೂಡ್ಲಿನಲ್ಲಿ ಮದ್ರಾಸ್ ಸರ್ಕಾರ 1916ರಲ್ಲಿ ಆರಂಭಿಸಿದ ತೆಂಗು ಸಂಶೋಧನಾ ಕೇಂದ್ರವೇ 1970ರಲ್ಲಿ ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆಯಾಯಿತು. ಹೀಗೆ ಮರದ ವಿದ್ಯೆ ಕಾಸರಗೋಡಿಗೆ, ನಾರಿನ ವಿದ್ಯೆ ಆಲಪ್ಪುಳಕ್ಕೆ ಹಂಚಿಹೋಯಿತು. ತೆಂಗಿನ ತಳಿಯನ್ನು ಅಳೆಯುವಾಗ ಕಾಯಿಯ ಸಂಖ್ಯೆ, ಕೊಬ್ಬರಿ, ಎಣ್ಣೆಗಳಿಗೆ ಸಿಕ್ಕ ಮರ್ಯಾದೆ ಸಿಪ್ಪೆಗೆ ಸಿಗದಿದ್ದುದಕ್ಕೆ ಇದೂ ಒಂದು ಕಾರಣವೆನ್ನಬೇಕು.

ಕರ್ನಾಟಕದ ಬಯಲುಸೀಮೆಯ ದಾರಿ ಬೇರೆ. ತಿಪಟೂರು, ಅರಸೀಕೆರೆಯ ಕಡೆ ಉಂಡೆ ಕೊಬ್ಬರಿಗಾಗಿ ಕಾಯನ್ನು ಅಟ್ಟದ ಮೇಲೆ ತಿಂಗಳುಗಟ್ಟಲೆ ಇಡುತ್ತಾರೆ. ಸುಲಿಯುವ ಹೊತ್ತಿಗೆ ಸಿಪ್ಪೆ ಗರಿಗರಿ ಒಣಗಿರುತ್ತದೆ. ಅಳಿವೆಯೂ ಇಲ್ಲ, ಕೊಳೆಸುವಂತೆಯೂ ಇಲ್ಲ. ಯಂತ್ರಕ್ಕೆ ಕೊಟ್ಟು ಹರಿಸಿದರೆ ಕಂದು ನಾರು. ಹಾಸಿಗೆಗೆ, ಗುಡ್ಡ ಜರಿಯದಂತೆ ಹಾಸುವ ಬಲೆಗೆ ಅದು ಚೆನ್ನಾಗಿ ಒದಗುತ್ತದೆ, ಸಣ್ಣ ಹುರಿಗೆ ಒಗ್ಗುವುದಿಲ್ಲ. ಒಂದು ಕಾಲದಲ್ಲಿ ರಾಶಿ ಬಿದ್ದು ಕೊಳೆಯುತ್ತಿದ್ದ ಹೊಟ್ಟು ಈಗ ನೀರು ಹಿಡಿದಿಡುವ ಗುಣದಿಂದ ನರ್ಸರಿಗಳಿಗೆ ಮಣ್ಣಿನ ಬದಲಾಗಿ ಹೋಗುತ್ತಿದೆ, ಹೊರದೇಶಗಳಿಗೂ.

ಕರಾವಳಿಯಲ್ಲಿ ಕತ್ತವನ್ನು ಸೋಲಿಸಿದ್ದು ನೈಲಾನು. ಬಲೆ, ಬಾವಿ, ಕೊಟ್ಟಿಗೆ ಒಂದೊಂದಾಗಿ ಕೈಬಿಟ್ಟವು. ಮಡಲಿನ ಮಾಡು ಹಂಚಾಗಿ, ಹಂಚು ತಾರಸಿಯಾಗಿ ಬಿಗಿಯುವ ಕೆಲಸವೇ ಉಳಿಯಲಿಲ್ಲ. ಕೂಲಿ, ನಾತ, ನೀರಿನ ಕೇಡು ಮೂರೂ ಸೇರಿ ಕೊಳೆಹಾಕುವ ಗುಂಡಿಗಳಲ್ಲಿ ಹೆಚ್ಚಿನವನ್ನು ಮುಚ್ಚಿಸಿದವು. ಗುಂಡಿ ಹೋದದ್ದಕ್ಕೆ ಮೀನಿನ ಪರವಾಗಿ ಯಾರೂ ಅಳಬೇಕಿಲ್ಲ.

ಆದರೂ ಹೊಲಿಯುವ ಹುರಿಗೆ ಬದಲಿ ಸಿಕ್ಕಿಲ್ಲ. 1980ರಲ್ಲಿ ಟಿಮ್ ಸೆವೆರಿನ್ ಎಂಬ ಸಾಗರಯಾತ್ರಿ ಒಮಾನಿನಲ್ಲಿ ಸೋಹಾರ್ ಎಂಬ ಹೊಲಿದ ಹಡಗನ್ನು ಕಟ್ಟಿಸಿ ಚೀನಾದವರೆಗೆ ಹೋದಾಗ ಹಲಗೆ ಮಲಬಾರಿನ ಹೆಬ್ಬಲಸಿನದು, ಹೊಲಿದವರು ಲಕ್ಷದ್ವೀಪದವರು. ಹಿಡಿದ ಹುರಿ ಸುಮಾರು 400 ಮೈಲಿ. 2025ರ ಮೇ 21ರಂದು ಭಾರತೀಯ ನೌಕಾಪಡೆ ಕಾರವಾರದಲ್ಲಿ ಸೇರಿಸಿಕೊಂಡ ಕೌಂಡಿನ್ಯ ಎಂಬ ಹಾಯಿಹಡಗನ್ನು ಅಜಂತಾದ ಚಿತ್ರವೊಂದನ್ನು ನೋಡಿ ಗೋವಾದಲ್ಲಿ ಕಟ್ಟಿದರು. ಅದರ ಹಲಗೆಗಳನ್ನು ಕೇರಳದ ಕುಶಲಿಗರು ಕತ್ತದ ಹುರಿಯಿಂದಲೇ ಹೊಲಿದಿದ್ದಾರೆ.