ಮಕ್ಕಳ ಮೈಮೇಲಿನ ತುರಿಕೆಯ ಗುಳ್ಳೆಗಳು: ಕಾರಣವನ್ನು ಗುರುತಿಸುವ ಕ್ರಮ ಮತ್ತು ಚಿಕಿತ್ಸಾ ಸೌಲಭ್ಯ ಪಡೆಯುವ ವಿಧಾನ

1. ಪೀಠಿಕೆ

ಮಕ್ಕಳ ಕೈಕಾಲು, ಹೊಟ್ಟೆ ಹಾಗೂ ಬೆನ್ನಿನ ಮೇಲೆ ಕೀಟ ಕಡಿದಂತಹ ಕೆಂಪು ಗುಳ್ಳೆಗಳು ಎದ್ದು ತೀವ್ರ ತುರಿಕೆ ಉಂಟಾಗುವುದು ಸಾಮಾನ್ಯವಾಗಿ ಕಂಡುಬರುವ ತೊಂದರೆಯಾಗಿದೆ. ಕಡಿದ ಕೀಟವು ಕಣ್ಣಿಗೆ ಬೀಳದಿರುವುದರಿಂದ ಹಾಗೂ ಮನೆಯ ಇತರ ಸದಸ್ಯರಿಗೆ ಏನೂ ಆಗದಿರುವುದರಿಂದ, ಪೋಷಕರು ಇದನ್ನು ಉಷ್ಣವೆಂದೋ ಪಿತ್ತವೆಂದೋ ಭಾವಿಸಿ ಅಂಗಡಿಯಿಂದ ಮುಲಾಮು ತಂದು ಹಚ್ಚುವುದುಂಟು. ಮುಲಾಮಿನಿಂದ ಕೆಲವು ದಿನಗಳ ಮಟ್ಟಿಗೆ ತುರಿಕೆ ತಗ್ಗಿದರೂ, ಮೂಲ ಕಾರಣವು ಮನೆಯಲ್ಲಿಯೇ ಉಳಿದಿರುವುದರಿಂದ ಗುಳ್ಳೆಗಳು ಪುನಃ ಕಾಣಿಸಿಕೊಳ್ಳುತ್ತವೆ.

ಈ ತೊಂದರೆಯನ್ನು ಕ್ಷುಲ್ಲಕವೆಂದು ಪರಿಗಣಿಸುವಂತಿಲ್ಲ. ಉಗುರಿನಿಂದ ಕೆರೆದ ಗಾಯದಲ್ಲಿ ಸ್ಟ್ರೆಪ್ಟೊಕಾಕಸ್ ಎಂಬ ಬ್ಯಾಕ್ಟೀರಿಯಾ ಸೇರಿ ಕೀವು ತುಂಬಿದಲ್ಲಿ, ಕೆಲವು ಮಕ್ಕಳಲ್ಲಿ ಕೆಲವು ವಾರಗಳ ನಂತರ ಮೂತ್ರಪಿಂಡದ ಉರಿಯೂತ ಕಾಣಿಸಿಕೊಳ್ಳಬಹುದು. ತುರಿಕೆಯ ಪ್ರಮುಖ ಕಾರಣಗಳಲ್ಲಿ ಒಂದಾದ ಕಜ್ಜಿಯನ್ನು ವಿಶ್ವ ಆರೋಗ್ಯ ಸಂಸ್ಥೆಯು 2017ರಲ್ಲಿ ನಿರ್ಲಕ್ಷಿತ ಉಷ್ಣವಲಯದ ರೋಗಗಳ ಪಟ್ಟಿಗೆ ಸೇರಿಸಿದೆ. ಆದ್ದರಿಂದ ಚರ್ಮವನ್ನು ಮಾತ್ರ ನೋಡದೆ, ಮಗು ಮಲಗುವ, ಆಡುವ ಸ್ಥಳಗಳನ್ನು ಹಾಗೂ ಮಗುವಿನೊಡನೆ ವಾಸಿಸುವವರನ್ನು ಸಹ ಗಮನಿಸಿ ಕಾರಣವನ್ನು ಗುರುತಿಸುವುದು ಅವಶ್ಯಕ.

2. ಒಂದೇ ಮಗುವಿಗೆ ತುರಿಕೆ ಉಂಟಾಗಲು ಕಾರಣ

"ಮನೆಯಲ್ಲಿ ಕೀಟವಿದ್ದರೆ ಎಲ್ಲರಿಗೂ ಕಡಿಯಬೇಕಲ್ಲವೇ?" ಎಂಬುದು ಪೋಷಕರ ಸಾಮಾನ್ಯ ಪ್ರಶ್ನೆಯಾಗಿದೆ. ಕೀಟವು ಎಲ್ಲರನ್ನೂ ಕಡಿದಿರಬಹುದು. ಆದರೆ ಎಲ್ಲರ ಚರ್ಮವೂ ಒಂದೇ ರೀತಿಯಲ್ಲಿ ಪ್ರತಿಕ್ರಿಯಿಸುವುದಿಲ್ಲ. ಗುಳ್ಳೆ ಏಳುವುದು ಕೀಟದ ಜೊಲ್ಲಿಗೆ ಶರೀರವು ತೋರುವ ಅಲರ್ಜಿಯಿಂದ. ಸುಮಾರು 2ರಿಂದ 10 ವರ್ಷದೊಳಗಿನ ಮಕ್ಕಳಲ್ಲಿ ಈ ಅಲರ್ಜಿಯು ಅಧಿಕ. ಇಂತಹ ಮಕ್ಕಳಲ್ಲಿ ಹೊಸದಾಗಿ ಒಂದು ಕಡಿತವಾದಾಗ, ಹಿಂದಿನ ವಾರ ಕಡಿದಿದ್ದ ಜಾಗಗಳೂ ಪುನಃ ಕೆಂಪಾಗಿ ತುರಿಸಬಹುದು. ಇದರಿಂದ ಒಂದೆರಡು ಕಡಿತಗಳು ಹತ್ತಾರು ಕಡಿತಗಳಂತೆ ತೋರುತ್ತವೆ. ಬೆಳೆದಂತೆ ಬಹುತೇಕ ಮಕ್ಕಳಲ್ಲಿ ಈ ಅಲರ್ಜಿಯು ತಾನಾಗಿಯೇ ಕಡಿಮೆಯಾಗುತ್ತದೆ.

ಕಜ್ಜಿಯ ವಿಷಯದಲ್ಲಿಯೂ ಇದೇ ಅಂಶವನ್ನು ಗಮನಿಸಬೇಕು. ಕಜ್ಜಿ ಮೊದಲ ಬಾರಿಗೆ ತಗುಲಿದವರಲ್ಲಿ ತುರಿಕೆ ಆರಂಭವಾಗಲು 4ರಿಂದ 6 ವಾರಗಳು ಬೇಕಾಗಬಹುದು. ಅಲ್ಲಿಯವರೆಗೆ ತುರಿಕೆಯಿಲ್ಲದ ವ್ಯಕ್ತಿಯೂ ಇತರರಿಗೆ ಕಜ್ಜಿಯನ್ನು ಹರಡಬಲ್ಲರು. ಆದುದರಿಂದ "ಉಳಿದವರಿಗೆ ಏನೂ ಇಲ್ಲ" ಎಂಬ ಕಾರಣಕ್ಕೆ ಕೀಟ ಅಥವಾ ಕಜ್ಜಿಯ ಸಾಧ್ಯತೆಯನ್ನು ಕೈಬಿಡತಕ್ಕದ್ದಲ್ಲ.

3. ಪೋಷಕರು ದಾಖಲಿಸಿಕೊಳ್ಳಬೇಕಾದ ಅಂಶಗಳು

ಒಂದು ಹಾಳೆಯಲ್ಲಿ ಏಳು ದಿನಗಳ ಕಾಲ ಈ ಕೆಳಕಂಡ ವಿವರಗಳನ್ನು ಬರೆದಿಟ್ಟುಕೊಂಡಲ್ಲಿ ವೈದ್ಯರಿಗೆ ಕಾರಣವನ್ನು ಗುರುತಿಸಲು ಅನುಕೂಲವಾಗುತ್ತದೆ. ಆದರೆ ಕಂಡಿಕೆ 8ರಲ್ಲಿ ತಿಳಿಸಿರುವ ಲಕ್ಷಣಗಳಿದ್ದಲ್ಲಿ ಏಳು ದಿನ ಕಾಯಬಾರದು.

(ಅ) ಸಮಯ: ಹೊಸ ಗುಳ್ಳೆಗಳು ಬೆಳಗ್ಗೆ ಎದ್ದಾಗ ಕಾಣುತ್ತವೆಯೇ, ಸಂಜೆ ಆಟ ಮುಗಿಸಿ ಬಂದ ನಂತರ ಕಾಣುತ್ತವೆಯೇ? ತುರಿಕೆಯು ರಾತ್ರಿ ಹೆಚ್ಚಾಗುತ್ತದೆಯೇ?
(ಆ) ಸ್ಥಳ: ಬಟ್ಟೆ ಮುಚ್ಚದ ಭಾಗದಲ್ಲಿವೆಯೇ, ಮೊಣಕಾಲಿನ ಕೆಳಗೆ ಮಾತ್ರವೇ, ಬೆರಳುಗಳ ಸಂದಿಯಲ್ಲಿವೆಯೇ?
(ಇ) ಜೋಡಣೆ: ಬಿಡಿಬಿಡಿಯಾಗಿವೆಯೇ, ಸಾಲಾಗಿವೆಯೇ, ಗುಂಪಾಗಿವೆಯೇ?
(ಈ) ಅವಧಿ: ಒಂದು ಗುಳ್ಳೆಯ ಸುತ್ತ ಪೆನ್ನಿನಿಂದ ಗೆರೆ ಎಳೆದು 24 ಗಂಟೆಗಳ ನಂತರ ನೋಡುವುದು. ಗುಳ್ಳೆ ಅಲ್ಲಿಂದ ಪೂರ್ಣವಾಗಿ ಮಾಯವಾಗಿ ಬೇರೆಡೆ ಎದ್ದಿದ್ದಲ್ಲಿ ಅದು ಪಿತ್ತದ ಗಂಧೆಯಾಗಿರುವ ಸಂಭವ ಹೆಚ್ಚು. ಕೀಟದ ಕಡಿತವು ಅದೇ ಜಾಗದಲ್ಲಿ ಹಲವು ದಿನ ಉಳಿಯುತ್ತದೆ.
(ಉ) ಪರಿಸರ: ಇತ್ತೀಚೆಗೆ ಪ್ರಯಾಣ, ಛತ್ರ ಅಥವಾ ವಸತಿನಿಲಯದಲ್ಲಿ ವಾಸ್ತವ್ಯ, ಹಳೆಯ ಮಂಚ ಅಥವಾ ಹಾಸಿಗೆ ಖರೀದಿ, ನಾಯಿ ಬೆಕ್ಕುಗಳ ಒಡನಾಟ, ಕಾಡು ಅಥವಾ ತೋಟಕ್ಕೆ ಭೇಟಿ ಇತ್ಯಾದಿ.
(ಊ) ಇತರರು: ಮನೆಯಲ್ಲಿ, ಅಂಗನವಾಡಿಯಲ್ಲಿ ಅಥವಾ ಶಾಲೆಯಲ್ಲಿ ಬೇರೆ ಯಾರಿಗಾದರೂ ತುರಿಕೆ ಇದೆಯೇ?

4. ಕಡಿತದ ಸಾಮಾನ್ಯ ಕಾರಣಗಳು

ಸೊಳ್ಳೆ: ಬಟ್ಟೆ ಮುಚ್ಚದ ಭಾಗಗಳಲ್ಲಿ ಬಿಡಿಬಿಡಿಯಾದ ಗುಳ್ಳೆಗಳು ಏಳುತ್ತವೆ. ಡೆಂಗಿ ಹರಡುವ ಈಡಿಸ್ ಸೊಳ್ಳೆಯು ಹಗಲಿನಲ್ಲಿ ಕಚ್ಚುವುದರಿಂದ, ಹಗಲು ಮಲಗುವ ಮಗುವಿಗೂ ಸೊಳ್ಳೆ ಪರದೆ ಅವಶ್ಯಕ. ನೀರಿನ ತೊಟ್ಟಿ, ಡ್ರಮ್ಮುಗಳನ್ನು ವಾರಕ್ಕೊಮ್ಮೆ ಖಾಲಿ ಮಾಡಿ ಉಜ್ಜಿ ತೊಳೆದು ಮುಚ್ಚಿಡಬೇಕು.

ತಿಗಣೆ: ರಾತ್ರಿ ಕಚ್ಚುತ್ತದೆ. ಮುಖ, ಕುತ್ತಿಗೆ, ತೋಳುಗಳಲ್ಲಿ ಗುಳ್ಳೆಗಳು ಸಾಲಾಗಿ ಅಥವಾ ಗುಂಪಾಗಿ ಇರಬಹುದು. ಗುಳ್ಳೆಯು ಕಚ್ಚಿದ ಕೆಲವು ದಿನಗಳ ನಂತರವೂ ಏಳಬಹುದಾದ್ದರಿಂದ ಹಿಂದಿನ ರಾತ್ರಿಯನ್ನು ಮಾತ್ರ ನೆನಪಿಸಿಕೊಂಡರೆ ಸಾಲದು. ಹಾಸಿಗೆಯ ಹೊಲಿಗೆಯ ಅಂಚು, ಮಂಚದ ಸಂದು, ಗೋಡೆಯ ಬಿರುಕು, ಕ್ಯಾಲೆಂಡರಿನ ಹಿಂಭಾಗಗಳನ್ನು ರಾತ್ರಿ ಟಾರ್ಚ್ ಬೆಳಕಿನಲ್ಲಿ ಪರಿಶೀಲಿಸಬೇಕು. ಕಪ್ಪು ಚುಕ್ಕೆಗಳು ಹಾಗೂ ಹೊದಿಕೆಯ ಮೇಲೆ ರಕ್ತದ ಕಲೆಗಳು ತಿಗಣೆಯ ಗುರುತುಗಳಾಗಿವೆ.

ಚಿಗಟ: ನಾಯಿ, ಬೆಕ್ಕು ಹಾಗೂ ಇಲಿಗಳಿಂದ ಬರುತ್ತದೆ. ನೆಲದಿಂದ ಹಾರಿ ಕಚ್ಚುವುದರಿಂದ ಗುಳ್ಳೆಗಳು ಬಹುತೇಕ ಪಾದ ಹಾಗೂ ಮೊಣಕಾಲಿನ ಕೆಳಭಾಗದಲ್ಲಿ ಗುಂಪಾಗಿರುತ್ತವೆ. ನೆಲದಲ್ಲಿ ಆಡುವ ಚಿಕ್ಕ ಮಕ್ಕಳಿಗೆ ಮೈಮೇಲೆಲ್ಲಾ ಆಗಬಹುದು.

ಕಜ್ಜಿ: ಇದು ಹೊರಗಿನಿಂದ ಬಂದು ಕಚ್ಚಿ ಹೋಗುವ ಕೀಟವಲ್ಲ; ಚರ್ಮದೊಳಗೆ ಕೊರೆದು ಮೊಟ್ಟೆಯಿಡುವ, ಅರ್ಧ ಮಿಲಿಮೀಟರಿಗೂ ಚಿಕ್ಕದಾದ ನುಸಿ. ರಾತ್ರಿ ತುರಿಕೆ ಹೆಚ್ಚುವುದು ಹಾಗೂ ಬೆರಳ ಸಂದಿ, ಮಣಿಕಟ್ಟು, ಕಂಕುಳು, ಸೊಂಟ, ಜನನಾಂಗದ ಸುತ್ತ ಗುಳ್ಳೆಗಳಿರುವುದು ಇದರ ಲಕ್ಷಣ. ಹಸುಳೆಗಳಲ್ಲಿ ಅಂಗೈ, ಅಂಗಾಲು ಹಾಗೂ ತಲೆಯಲ್ಲಿಯೂ ಕಾಣಬಹುದು.

ಉಣುಗು: ಮಲೆನಾಡಿನ ಜಿಲ್ಲೆಗಳ ಪೋಷಕರು ಇದನ್ನು ವಿಶೇಷವಾಗಿ ಗಮನಿಸಬೇಕು. ಮಂಗನ ಕಾಯಿಲೆಯು 1957ರಲ್ಲಿ ಶಿವಮೊಗ್ಗ ಜಿಲ್ಲೆ ಸೊರಬ ತಾಲ್ಲೂಕಿನ ಕ್ಯಾಸನೂರು ಅರಣ್ಯ ಪ್ರದೇಶದಲ್ಲಿ ಮೊದಲಿಗೆ ಪತ್ತೆಯಾಯಿತು. ಸೋಂಕಿತ ಉಣುಗು ಕಚ್ಚುವುದರಿಂದ ಹರಡುವ ಈ ಕಾಯಿಲೆಯು ಸಾಮಾನ್ಯವಾಗಿ ಡಿಸೆಂಬರ್‌ನಿಂದ ಮೇ ತಿಂಗಳವರೆಗೆ ಹೆಚ್ಚಾಗಿ ಕಂಡುಬರುತ್ತದೆ. ಮೈಗೆ ಕಚ್ಚಿಕೊಂಡಿರುವ ಉಣುಗನ್ನು ಬೆಂಕಿ ತಾಗಿಸಿ ಅಥವಾ ಬರಿಗೈಯಲ್ಲಿ ಹಿಸುಕಿ ತೆಗೆಯಬಾರದು. ಚಿಮಟದಿಂದ ಚರ್ಮಕ್ಕೆ ಸಮೀಪದಲ್ಲಿ ಹಿಡಿದು ನೇರವಾಗಿ ಎಳೆದು ತೆಗೆದು, ಆ ಜಾಗವನ್ನು ಸೋಪಿನಿಂದ ತೊಳೆಯಬೇಕು.

ಪೊದೆಯ ನುಸಿ: ಪೊದೆ, ಹುಲ್ಲುಗಾವಲುಗಳಲ್ಲಿರುವ ಈ ನುಸಿಯ ಮರಿಗಳು ಸ್ಕ್ರಬ್ ಟೈಫಸ್ ಜ್ವರವನ್ನು ಹರಡಬಲ್ಲವು. ಕಚ್ಚಿದ ಜಾಗದಲ್ಲಿ ನೋವಿಲ್ಲದ ಕಪ್ಪು ಹಕ್ಕಳೆ ಉಂಟಾಗಬಹುದು. ಇದು ಕಂಕುಳು, ತೊಡೆಸಂದಿಯಂತಹ ಮರೆಯ ಭಾಗಗಳಲ್ಲಿರುವುದರಿಂದ, ಜ್ವರವಿರುವ ಮಗುವಿನ ಮೈಯನ್ನು ಪೂರ್ಣವಾಗಿ ಪರೀಕ್ಷಿಸಬೇಕು.

5. ಕಡಿತದಂತೆ ತೋರುವ ಇತರ ತೊಂದರೆಗಳು

ಬೇಸಿಗೆಯಲ್ಲಿ ಕುತ್ತಿಗೆ, ಬೆನ್ನಿನ ಮೇಲೆ ಒತ್ತೊತ್ತಾಗಿ ಏಳುವ ಸಣ್ಣ ಗುಳ್ಳೆಗಳು ಬೆವರುಸಾಲೆಯಾಗಿರಬಹುದು. ಉಂಗುರದಾಕಾರದಲ್ಲಿ ಅಂಚು ಹರಡುವ ಕಲೆಯು ಹುಳುಕಡ್ಡಿಯಾಗಿರಬಹುದು. ಜ್ವರದೊಂದಿಗೆ ಮೈ ಹಾಗೂ ಮುಖದ ಮೇಲೆ ನೀರು ತುಂಬಿದ ಗುಳ್ಳೆಗಳೆದ್ದಲ್ಲಿ ಸೀತಾಳೆ ಸಿಡುಬನ್ನು ಶಂಕಿಸಬೇಕು. ನುಗ್ಗೆ ಮರದ ಕಂಬಳಿ ಹುಳುವಿನ ರೋಮ ಹಾಗೂ ನಸುಗುನ್ನಿ ಕಾಯಿಯ ರೋಮ ತಗುಲಿದಾಗಲೂ ತೀವ್ರ ತುರಿಕೆ ಉಂಟಾಗುತ್ತದೆ. ಚರ್ಮಕ್ಕೆ ಚುಚ್ಚಿಕೊಂಡಿರುವ ಹುಳುವಿನ ರೋಮಗಳನ್ನು ಅಂಟುಪಟ್ಟಿ ಒತ್ತಿ ಕೀಳಬಹುದು, ಉಜ್ಜಬಾರದು. ಮಳೆಗಾಲದಲ್ಲಿ ದೀಪಕ್ಕೆ ಬರುವ, ಕಪ್ಪು ಮತ್ತು ಕಿತ್ತಳೆ ಬಣ್ಣದ, ಇರುವೆಯನ್ನು ಹೋಲುವ ಹುಳುವನ್ನು ಮೈಮೇಲೆ ಹೊಸಕಿದಲ್ಲಿ, ಒಂದೆರಡು ದಿನಗಳಲ್ಲಿ ಗೆರೆ ಎಳೆದಂತೆ ಸುಟ್ಟ ಗಾಯ ಕಾಣಿಸಿಕೊಳ್ಳುತ್ತದೆ. ಇದರಲ್ಲಿ ತುರಿಕೆಗಿಂತ ಉರಿ ಹೆಚ್ಚು. ಇಂತಹ ಹುಳುವನ್ನು ಹೊಸಕದೆ ಊದಿ ಬೀಳಿಸಬೇಕು.

6. ಒಂದು ಉದಾಹರಣೆ

ಮೇಲ್ಕಂಡ ಕ್ರಮವನ್ನು ವಿವರಿಸಲು ಒಂದು ಕಲ್ಪಿತ ಉದಾಹರಣೆಯನ್ನು ನೀಡಲಾಗಿದೆ. ಬೇಸಿಗೆ ರಜೆಯಲ್ಲಿ ಒಂದು ತಿಂಗಳು ಬೀಗ ಹಾಕಿದ್ದ ಮನೆಗೆ ಕುಟುಂಬವೊಂದು ಹಿಂತಿರುಗಿದ ಮೂರನೆಯ ದಿನ, ಐದು ವರ್ಷದ ಮಗುವಿನ ಕಾಲಿನಲ್ಲಿ ಗುಳ್ಳೆಗಳು ಕಾಣಿಸಿಕೊಂಡವು. ತಂದೆ ತಾಯಿಗೆ ಏನೂ ಆಗಿರಲಿಲ್ಲ. ಮಗು ರಾತ್ರಿ ಪರದೆಯೊಳಗೆ ಮಲಗುತ್ತಿತ್ತು. ತೋಳು, ಮುಖಗಳಲ್ಲಿ ಗುಳ್ಳೆಗಳಿರಲಿಲ್ಲವಾದ್ದರಿಂದ ಸೊಳ್ಳೆಯ ಸಂಭವ ಕಡಿಮೆಯಾಯಿತು. ಬೆರಳ ಸಂದಿ, ಸೊಂಟಗಳು ಶುಭ್ರವಾಗಿದ್ದುದರಿಂದ ಕಜ್ಜಿಯ ಲಕ್ಷಣಗಳೂ ಇರಲಿಲ್ಲ. ಹಾಸಿಗೆ, ಮಂಚಗಳಲ್ಲಿ ತಿಗಣೆಯ ಗುರುತು ದೊರೆಯಲಿಲ್ಲ. ಎಲ್ಲ ಗುಳ್ಳೆಗಳೂ ಮೊಣಕಾಲಿನ ಕೆಳಗಿದ್ದವು. ಮನೆ ಮುಚ್ಚಿದ್ದಾಗ ಬೆಕ್ಕೊಂದು ಕಿಟಕಿಯಿಂದ ಬಂದು ಮೂಲೆಯ ಚಾಪೆಯ ಮೇಲೆ ಮಲಗುತ್ತಿದ್ದುದು ಅದರ ರೋಮದಿಂದ ತಿಳಿಯಿತು. ತಾಯಿಯು ಬಿಳಿ ಕಾಲುಚೀಲ ಧರಿಸಿ ಆ ಮೂಲೆಯಲ್ಲಿ ಓಡಾಡಿದಾಗ ಕಂದು ಬಣ್ಣದ ಸಣ್ಣ ಚಿಗಟಗಳು ಅದರ ಮೇಲೆ ಕಂಡುಬಂದವು.

ಚಿಗಟವು ಗೂಡಿನ ಹಂತದಲ್ಲಿ ಆಹಾರವಿಲ್ಲದೆ ತಿಂಗಳುಗಟ್ಟಲೆ ಉಳಿದು, ಮನುಷ್ಯರ ಓಡಾಟದ ಕಂಪನಕ್ಕೆ ಒಮ್ಮೆಲೇ ಹೊರಬರಬಲ್ಲದು. ಮನೆಗೆ ಹಿಂತಿರುಗಿದ ನಂತರವೇ ತೊಂದರೆ ಆರಂಭವಾಗಲು ಇದೇ ಕಾರಣ. ಚಾಪೆಯನ್ನು ತೆಗೆದು, ನೆಲದ ಸಂದುಗಳನ್ನು ಪ್ರತಿದಿನ ಗುಡಿಸಿ ಒರೆಸಿ, ಕಿಟಕಿಗೆ ಜಾಲರಿ ಹಾಕಿದ ಕೆಲವು ವಾರಗಳಲ್ಲಿ ತೊಂದರೆ ನಿಂತಿತು. ಮುಲಾಮು ಮಾತ್ರ ಹಚ್ಚಿದ್ದಲ್ಲಿ ಇದು ಸಾಧ್ಯವಾಗುತ್ತಿರಲಿಲ್ಲ.

7. ಮನೆಯಲ್ಲಿ ಕೈಗೊಳ್ಳಬೇಕಾದ ಕ್ರಮಗಳು

ಮಗುವಿನ ಉಗುರುಗಳನ್ನು ಗಿಡ್ಡವಾಗಿ ಕತ್ತರಿಸಿ, ಗುಳ್ಳೆಗಳನ್ನು ಸೋಪು ನೀರಿನಿಂದ ತೊಳೆದು, ತಣ್ಣೀರಿನ ಬಟ್ಟೆ ಇಡಬೇಕು. ಕ್ಯಾಲಮೈನ್ ಲೋಷನ್ ಹಚ್ಚಬಹುದು. ಅಲರ್ಜಿಯ ಔಷಧಿಗಳನ್ನು ವೈದ್ಯರ ಸಲಹೆಯಂತೆ ಮಾತ್ರ ನೀಡತಕ್ಕದ್ದು.

ಕಜ್ಜಿಯೆಂದು ವೈದ್ಯರು ತಿಳಿಸಿದಲ್ಲಿ, ತುರಿಕೆ ಇರಲಿ ಇಲ್ಲದಿರಲಿ, ಮನೆಯವರೆಲ್ಲರೂ ಒಂದೇ ದಿನ ಚಿಕಿತ್ಸೆ ಪಡೆಯತಕ್ಕದ್ದು. ಸಾಮಾನ್ಯವಾಗಿ ಶೇ. 5ರ ಪರ್ಮೆಥ್ರಿನ್ ಮುಲಾಮನ್ನು ಕುತ್ತಿಗೆಯಿಂದ ಅಂಗಾಲಿನವರೆಗೆ ಒಂದು ಜಾಗವನ್ನೂ ಬಿಡದೆ ರಾತ್ರಿ ಹಚ್ಚಿ, 8ರಿಂದ 14 ಗಂಟೆಗಳ ನಂತರ ತೊಳೆದು, ಒಂದು ವಾರದ ಬಳಿಕ ಪುನಃ ಹಚ್ಚಲು ಸೂಚಿಸಲಾಗುತ್ತದೆ. ಹಸುಳೆಗಳು ಹಾಗೂ ಗರ್ಭಿಣಿಯರ ವಿಷಯದಲ್ಲಿ ವೈದ್ಯರ ಪ್ರತ್ಯೇಕ ಸಲಹೆ ಪಡೆಯಬೇಕು. ಬಳಸಿದ ಬಟ್ಟೆ, ಹೊದಿಕೆಗಳನ್ನು ಬಿಸಿ ನೀರಿನಲ್ಲಿ ಒಗೆದು ಬಿಸಿಲಿನಲ್ಲಿ ಒಣಗಿಸಬೇಕು. ಒಗೆಯಲಾಗದ ವಸ್ತುಗಳನ್ನು ಪ್ಲಾಸ್ಟಿಕ್ ಚೀಲದಲ್ಲಿ ಬಿಗಿಯಾಗಿ ಕಟ್ಟಿ ಕನಿಷ್ಠ 3 ದಿನ ಇಡಬೇಕು. ಚಿಕಿತ್ಸೆಯ ನಂತರವೂ ತುರಿಕೆ 2ರಿಂದ 4 ವಾರಗಳವರೆಗೆ ಉಳಿಯಬಹುದಾದ್ದರಿಂದ, ಗುಣವಾಗಿಲ್ಲವೆಂದು ತಿಳಿದು ಪದೇಪದೇ ಮುಲಾಮು ಹಚ್ಚಬಾರದು. ಕಜ್ಜಿಯು ಕೊಳಕುತನದ ಗುರುತಲ್ಲ. ಮೈಸೋಂಕಿನಿಂದ ಯಾರಿಗಾದರೂ ತಗುಲಬಹುದು. ಇದನ್ನು ಮುಚ್ಚಿಟ್ಟಷ್ಟೂ ಹರಡುತ್ತದೆ.

ಸೀಮೆಎಣ್ಣೆ, ಜಿರಲೆ ನಾಶಕ, ಕೃಷಿ ಕೀಟನಾಶಕಗಳನ್ನು ಮಗುವಿನ ಮೈಗಾಗಲಿ ಹಾಸಿಗೆಗಾಗಲಿ ಹಚ್ಚಬಾರದು. ಧಾನ್ಯ ಸಂರಕ್ಷಣೆಯ ಅಲ್ಯೂಮಿನಿಯಂ ಫಾಸ್ಫೈಡ್ ಮಾತ್ರೆಗಳನ್ನು ತಿಗಣೆ ನಿವಾರಣೆಗಾಗಿ ವಾಸದ ಕೋಣೆಯಲ್ಲಿಡುವುದು ಪ್ರಾಣಾಪಾಯಕರ. ಅವುಗಳಿಂದ ಹೊರಡುವ ಅನಿಲವು ಮಾರಕವಾಗಿದೆ. ಸ್ಟೀರಾಯ್ಡ್ ಮಿಶ್ರಿತ ಮುಲಾಮುಗಳನ್ನು ವೈದ್ಯರ ಚೀಟಿಯಿಲ್ಲದೆ ಬಳಸಬಾರದು. ಅವು ಹುಳುಕಡ್ಡಿ ಹಾಗೂ ಕಜ್ಜಿಯ ರೂಪವನ್ನು ಮರೆಮಾಚಿ ರೋಗ ಪತ್ತೆಯನ್ನು ಕಷ್ಟಗೊಳಿಸುತ್ತವೆ.

8. ವಿಳಂಬವಿಲ್ಲದೆ ಆಸ್ಪತ್ರೆಗೆ ತೋರಿಸಬೇಕಾದ ಸಂದರ್ಭಗಳು

(ಅ) ಕಡಿತದ ನಂತರ ತುಟಿ, ನಾಲಗೆ, ಮುಖ ಊದಿಕೊಂಡು ಉಸಿರಾಟಕ್ಕೆ ತೊಂದರೆಯಾದಲ್ಲಿ ಕೂಡಲೇ 108 ಸಂಖ್ಯೆಗೆ ಕರೆ ಮಾಡುವುದು.
(ಆ) ಜ್ವರ, ತೀವ್ರ ತಲೆನೋವು, ಮೈಕೈ ನೋವು ಅಥವಾ ಕಪ್ಪು ಹಕ್ಕಳೆ ಇದ್ದಲ್ಲಿ.
(ಇ) ಗುಳ್ಳೆಗಳಲ್ಲಿ ಕೀವು ತುಂಬಿದಲ್ಲಿ ಅಥವಾ ಸುತ್ತಲಿನ ಚರ್ಮವು ಬಿಸಿಯಾಗಿ ಊದಿಕೊಂಡಲ್ಲಿ.
(ಈ) ಬೆಳಗ್ಗೆ ಎದ್ದಾಗ ಕಣ್ಣಿನ ಸುತ್ತ ಊತ, ಮೂತ್ರದ ಪ್ರಮಾಣ ಕಡಿಮೆಯಾಗುವುದು ಅಥವಾ ಮೂತ್ರವು ಕೆಂಪು, ಕಡುಕಂದು ಬಣ್ಣಕ್ಕೆ ತಿರುಗುವುದು ಕಂಡುಬಂದಲ್ಲಿ. ಗಾಯ ಮಾಗಿದ ನಂತರವೂ ಈ ಲಕ್ಷಣಗಳು ಕಾಣಿಸಿಕೊಳ್ಳಬಹುದು.
(ಉ) ಮೈಮೇಲೆ ತಾನಾಗಿ ನೇರಳೆ ಕಲೆಗಳು ಮೂಡಿದಲ್ಲಿ.

9. ಚಿಕಿತ್ಸಾ ಸೌಲಭ್ಯ ಪಡೆಯುವ ವಿಧಾನ

ಮೊದಲಿಗೆ ಸಮೀಪದ ಪ್ರಾಥಮಿಕ ಆರೋಗ್ಯ ಕೇಂದ್ರವನ್ನು, ನಗರ ಪ್ರದೇಶಗಳಲ್ಲಿ ನಗರ ಪ್ರಾಥಮಿಕ ಆರೋಗ್ಯ ಕೇಂದ್ರ ಅಥವಾ ನಮ್ಮ ಕ್ಲಿನಿಕ್ ಅನ್ನು ಸಂಪರ್ಕಿಸಬಹುದು. ಅವಶ್ಯವಿದ್ದಲ್ಲಿ ವೈದ್ಯಾಧಿಕಾರಿಗಳು ತಾಲ್ಲೂಕು ಅಥವಾ ಜಿಲ್ಲಾ ಆಸ್ಪತ್ರೆಯ ಚರ್ಮರೋಗ ತಜ್ಞರಲ್ಲಿಗೆ ಕಳುಹಿಸುತ್ತಾರೆ. ಹೋಗುವಾಗ ಏಳು ದಿನಗಳ ದಾಖಲೆಯ ಹಾಳೆ, ಲಸಿಕೆಯ ವಿವರಗಳಿರುವ ತಾಯಿ ಕಾರ್ಡ್ ಹಾಗೂ ಈಗಾಗಲೇ ಹಚ್ಚಿರುವ ಮುಲಾಮಿನ ಖಾಲಿ ಟ್ಯೂಬ್ ಅನ್ನು ತೆಗೆದುಕೊಂಡು ಹೋಗಬೇಕು. ಕೀಟ ಸಿಕ್ಕಿದ್ದಲ್ಲಿ ಅಂಟುಪಟ್ಟಿಗೆ ಅಂಟಿಸಿ ಅಥವಾ ಮುಚ್ಚಳವಿರುವ ಸಣ್ಣ ಡಬ್ಬಿಯಲ್ಲಿ ಹಾಕಿ ಒಯ್ಯುವುದು. ಮಗುವಿನೊಡನೆ ಮಲಗುವವರೂ ಜೊತೆಯಲ್ಲಿ ಹೋಗುವುದು ಸೂಕ್ತ.

ಅಂಗನವಾಡಿ ಹಾಗೂ ಸರ್ಕಾರಿ ಶಾಲೆಗಳ ಮಕ್ಕಳಿಗೆ 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿ ಸಂಚಾರಿ ತಂಡಗಳು ತಪಾಸಣೆ ನಡೆಸುತ್ತವೆ. ಕಜ್ಜಿ ಸೇರಿದಂತೆ ಚರ್ಮದ ತೊಂದರೆಗಳು ಈ ತಪಾಸಣೆಯ ವ್ಯಾಪ್ತಿಗೆ ಒಳಪಟ್ಟಿವೆ. ಒಂದೇ ತರಗತಿಯ ಹಲವು ಮಕ್ಕಳಲ್ಲಿ ತುರಿಕೆ ಕಂಡುಬಂದಲ್ಲಿ, ಶಿಕ್ಷಕರು ತಂಡದ ಭೇಟಿಗೆ ಕಾಯದೆ ಆಶಾ ಕಾರ್ಯಕರ್ತೆಯ ಮೂಲಕ ಆರೋಗ್ಯ ಕೇಂದ್ರಕ್ಕೆ ಮಾಹಿತಿ ನೀಡಬೇಕು. ಕಜ್ಜಿಗೆ ಚಿಕಿತ್ಸೆ ಪಡೆದ ಮಗು ಸಾಮಾನ್ಯವಾಗಿ ಮರುದಿನವೇ ಶಾಲೆಗೆ ಹಾಜರಾಗಬಹುದಾದ್ದರಿಂದ, ಅಂತಹ ಮಗುವನ್ನು ಪ್ರತ್ಯೇಕವಾಗಿ ಕೂರಿಸುವುದಾಗಲಿ ದೀರ್ಘಕಾಲ ಮನೆಯಲ್ಲಿ ಉಳಿಸುವುದಾಗಲಿ ಅನಾವಶ್ಯಕ.

ಈ ಮಾಹಿತಿಯು ಸಾರ್ವಜನಿಕರ ತಿಳುವಳಿಕೆಗಾಗಿ ಇದ್ದು, ವೈದ್ಯರ ತಪಾಸಣೆಗೆ ಪರ್ಯಾಯವಲ್ಲ. ಪೋಷಕರು ಕಾರಣವನ್ನು ತಿಳಿದು ಚಿಕಿತ್ಸೆ ಪಡೆಯಬೇಕೆಂದು ಹಾಗೂ ಚಿಕಿತ್ಸೆಯಲ್ಲಿ ಮನೆಯವರೆಲ್ಲರೂ ಸಹಕರಿಸಬೇಕೆಂದು ಕೋರಲಾಗಿದೆ.