ಮೊಸಳೆಯವರು, ಇಬ್ಬನಿಯವರು

ಲೆಸೊಥೊದ ಲೆರಿಬೆ ಜಿಲ್ಲೆಯ ಹೈಸ್ಕೂಲೊಂದರಲ್ಲಿ ನಾನು ಇತಿಹಾಸದ ಮೇಷ್ಟ್ರಾಗಿದ್ದೆ. ಅಲ್ಲಿನ ಪಠ್ಯಪುಸ್ತಕದ ನಕಾಶೆಯಲ್ಲಿ ಆಫ್ರಿಕಾದ ನಡುಭಾಗದಿಂದ ದಕ್ಷಿಣಕ್ಕೆ ಒಂದು ದಪ್ಪ ಬಾಣ ಎಳೆದಿದ್ದರು. ಅದರ ತುದಿಯಲ್ಲಿ ‘ಸೊಥೊ ಜನ’ ಎಂದು ಬರೆದಿತ್ತು. ಅದನ್ನು ನೋಡಿದ ಮಕ್ಕಳಿಗೆ, ಇಡೀ ಜನಾಂಗವೊಂದು ಒಂದೇ ಸಲ ಗಂಟುಮೂಟೆ ಕಟ್ಟಿಕೊಂಡು ಬಂದು ಇಲ್ಲಿ ಇಳಿಯಿತು ಅನ್ನಿಸುತ್ತಿತ್ತು. ಶಾಲೆಯ ಕಾವಲಿಗಿದ್ದ ಹಿರಿಯರ ಬಾಯಲ್ಲಿ ಬರುತ್ತಿದ್ದ ಇತಿಹಾಸ ಬೇರೆಯೇ. ಯಾವ ಅಣ್ಣತಮ್ಮಂದಿರು ಯಾವ ದನಗಳ ವಿಷಯಕ್ಕೆ ಕಿತ್ತಾಡಿದರು, ತಮ್ಮ ಯಾವ ಹೊಳೆ ದಾಟಿದ, ಅವನ ಹಿಂದೆ ಯಾರೆಲ್ಲ ಹೋದರು ಎಂಬುದನ್ನೇ ಅವರು ಹೇಳುತ್ತಿದ್ದರು. ಹಿರಿಯ ಗಂಡಸರನ್ನು ಆ ನಾಡಿನಲ್ಲಿ ‘ನ್ತಾತೆ’ ಎಂದು ಕರೆಯುತ್ತಾರೆ. ನಾನೂ ಹಾಗೇ ಕರೆಯುತ್ತಿದ್ದೆ. ಪುಸ್ತಕದ ಬಾಣಕ್ಕಿಂತ ನ್ತಾತೆಯ ದಾಯಾದಿ ಜಗಳಗಳೇ ನಿಜಕ್ಕೆ ಹತ್ತಿರ ಎಂದು ಈಗ ನನಗೆ ಖಚಿತವಾಗಿದೆ.

ಊರಿಗೆ ಹೊಸದಾಗಿ ಬಂದ ನನ್ನನ್ನು ಅವರು ಮೊದಲು ಕೇಳಿದ್ದೇ ನಿಮ್ಮದು ಯಾವ ಪ್ರಾಣಿ ಎಂದು. ಸೊಥೊ ಭಾಷಿಕರ ಪ್ರತಿ ಕುಲಕ್ಕೂ ಒಂದು ಸೆಬೊಕೊ, ಅಂದರೆ ಕುಲಚಿಹ್ನೆ, ಇರುತ್ತದೆ. ಕ್ವೇನಾ ಕುಲದವರದು ಮೊಸಳೆ, ತಾಉಂಗ್ ಕುಲದವರದು ಸಿಂಹ, ಖತ್ಲಾಗಳದು ಕೋತಿ, ಟ್ಲಾಪಿಂಗ್‌ಗಳದು ಮೀನು, ಪೆಡಿ ಅರಸು ಮನೆತನದ್ದು ಮುಳ್ಳುಹಂದಿ. ರೊಲೊಂಗ್‌ಗಳಲ್ಲಿ ಕಬ್ಬಿಣವನ್ನು ಗೌರವಿಸುವವರಿದ್ದಾರೆ. ಫೊಕೆಂಗ್ ಕುಲದ ಹೆಸರು ಇಬ್ಬನಿಯೊಂದಿಗೆ ಬೆಸೆದುಕೊಂಡಿದೆ. ತನ್ನ ಕುಲದ ಪ್ರಾಣಿಯನ್ನು ಯಾರೂ ಕೊಲ್ಲುವುದಿಲ್ಲ, ತಿನ್ನುವುದಿಲ್ಲ. ನಮ್ಮ ಕಡೆಯ ಬೆಡಗು, ಬಳಿಗಳನ್ನು ಬಲ್ಲವರಿಗೆ ಇದು ಹೊಸದಲ್ಲ. ಆದರೆ ಒಂದು ದೊಡ್ಡ ವ್ಯತ್ಯಾಸವಿದೆ. ನಮ್ಮಲ್ಲಿ ಒಂದೇ ಬೆಡಗಿನವರು ಅಣ್ಣತಂಗಿಯರು, ಅವರ ನಡುವೆ ಮದುವೆ ಕೂಡದು. ಅಲ್ಲಿ ಒಂದೇ ಸೆಬೊಕೊದವರು ಮದುವೆಯಾಗಬಹುದು. ಅರಸು ಮನೆಗಳಲ್ಲಂತೂ ಚಿಕ್ಕಪ್ಪನ ಮಗಳನ್ನು ತಂದುಕೊಳ್ಳುವುದೇ ಮೇಲು. ತೆರವಾಗಿ ಕೊಟ್ಟ ದನ ಸುತ್ತಿ ಬಂದು ಮನೆಯ ದೊಡ್ಡಿಗೇ ಸೇರುತ್ತದಲ್ಲ!

ಲೆಸೊಥೊದ ನೆಲವೆಲ್ಲ ಸಮುದ್ರಮಟ್ಟಕ್ಕಿಂತ ಸುಮಾರು 1,400 ಮೀಟರಿಗೂ ಮೇಲಿದೆ. ಚಳಿಗಾಲದಲ್ಲಿ ಬೆಟ್ಟಗಳ ಮೇಲೆ ಹಿಮ ಬೀಳುವ ಈ ನಾಡಿನ ಹೊಳೆಗಳಲ್ಲಿ ಮೊಸಳೆ ಇಲ್ಲ. ಆದರೂ ದೇಶದ ಲಾಂಛನದ ನಡುವೆ ಮೊಸಳೆ ಕೂತಿದೆ, ಏಕೆಂದರೆ ಅರಸು ಮನೆತನ ಕ್ವೇನಾ. ಮೊಸಳೆ ಇರುವುದು ಉತ್ತರದ ಲಿಂಪೊಪೊ ಕಡೆಯ ಬೆಚ್ಚಗಿನ ಹೊಳೆಗಳಲ್ಲಿ. ಜನ ತಾವು ಬಿಟ್ಟು ಬಂದ ಸೀಮೆಯ ನೆನಪನ್ನು ಈ ಪ್ರಾಣಿಯ ರೂಪದಲ್ಲಿ ಹೊತ್ತು ತಂದಿದ್ದಾರೆ ಎಂದೇ ನಾನು ನಂಬುತ್ತೇನೆ.

ಮಣ್ಣು ಅಗೆದವರ ಸಾಕ್ಷ್ಯವೂ ಅದೇ ದಿಕ್ಕಿನದು. ಬಾಂಟು ಭಾಷೆಗಳನ್ನಾಡುವ ಬೇಸಾಯಗಾರರು ದಕ್ಷಿಣ ಆಫ್ರಿಕಾಕ್ಕೆ ಕ್ರಿಸ್ತಶಕದ ಮೊದಲ ಶತಮಾನಗಳಲ್ಲೇ ಬಂದಿದ್ದರು. ಸೊಥೊ ಮತ್ತು ತ್ಸ್ವಾನಾ ಭಾಷಿಕರ ಪೂರ್ವಿಕರದು ಎಂದು ಗುರುತಿಸುವ, ‘ಮೊಲೊಕೊ’ ಎಂದು ಕರೆಯುವ ಮಡಕೆಗಳು ಲಿಂಪೊಪೊ ಪ್ರದೇಶದಲ್ಲಿ ಕಾಣಿಸುವುದು 1300ರ ಆಸುಪಾಸಿನಲ್ಲಿ. ಅಲ್ಲಿಂದ ವಾಲ್ ನದಿ ದಾಟಿ ದಕ್ಷಿಣದ ಬಟಾಬಯಲು ಹುಲ್ಲುಗಾವಲಿಗೆ ಇಳಿಯಲು ಇನ್ನೂ ಒಂದೂವರೆ ಎರಡು ಶತಮಾನ ಹಿಡಿಯಿತು. ಆ ಬಯಲು ಖಾಲಿ ಇರಲಿಲ್ಲ. ಬೇಟೆಯಾಡಿ ಬದುಕುತ್ತಿದ್ದ ಸಾನ್ ಜನ ಸಾವಿರಾರು ವರ್ಷಗಳಿಂದ ಅಲ್ಲಿದ್ದರು, ಕಲ್ಲಾಸರೆಗಳಲ್ಲಿ ಚಿತ್ರ ಬರೆಯುತ್ತಿದ್ದರು. ಫೊಕೆಂಗ್ ಜನ ಸಾನ್ ಹೆಣ್ಣುಗಳನ್ನು ತಂದುಕೊಂಡ ಕಥೆಗಳನ್ನು ಅವರೇ ಹೇಳಿಕೊಳ್ಳುತ್ತಾರೆ.

ಈಗಿನ ದಕ್ಷಿಣ ಆಫ್ರಿಕಾದ ಫ್ರೀ ಸ್ಟೇಟ್ ಪ್ರಾಂತ್ಯದಲ್ಲಿ, ಫ್ರಾಂಕ್‌ಫರ್ಟ್ ಮತ್ತು ವ್ರೀಡೆ ಎಂಬ ಊರುಗಳ ನಡುವೆ ನ್ತ್ಸ್ವಾನಾತ್ಸಾತ್ಸಿ ಎಂಬ ಗುಡ್ಡವಿದೆ. ಕ್ವೇನಾ ಮತ್ತು ಫೊಕೆಂಗ್ ಕುಲಗಳವರಿಗೆ ಅದೇ ಮೂಲಸ್ಥಾನ. ಸೂರ್ಯ ಹುಟ್ಟುವ ಆ ಕಡೆಯ ಜೊಂಡಿನ ಜೌಗಿನಿಂದ ಮೊದಲ ಮನುಷ್ಯರು ಎದ್ದು ಬಂದರು ಎನ್ನುತ್ತಾರೆ. ಮಗು ಹುಟ್ಟಿದ ಗುಡಿಸಲಿನ ಬಾಗಿಲ ಮೇಲೆ ಒಂದು ಜೊಂಡಿನ ಕಡ್ಡಿ ಸಿಕ್ಕಿಸುವ ಪದ್ಧತಿ ಬಸೊಥೊ ಜನರಲ್ಲಿದೆ. ಲೆರಿಬೆಯ ಹಳ್ಳಿಯೊಂದರಲ್ಲಿ ನಾನದನ್ನು ಹತ್ತಿರದಿಂದ ನೋಡಿದ್ದೇನೆ: ಹುಲ್ಲು ಹೊದಿಸಿದ ಸೂರಿನಿಂದ ಹೊರಚಾಚಿದ, ಇನ್ನೂ ಹಸಿರು ಆರದ ಕಡ್ಡಿ. ಅದು ಕಂಡರೆ ಹೊರಗಿನ ಗಂಡಸರು ಆ ಬಾಗಿಲಿಗೆ ಹೋಗುವಂತಿಲ್ಲ.

ಪುರಾತತ್ತ್ವಜ್ಞ ಟಿಮ್ ಮ್ಯಾಗ್ಸ್ ಆಕಾಶದಿಂದ ತೆಗೆದ ಛಾಯಾಚಿತ್ರಗಳನ್ನು ಹರಡಿಕೊಂಡು ಈ ಹುಲ್ಲುಗಾವಲಿನಲ್ಲಿ ಹಳೆಯ ಕಲ್ಲುಗೋಡೆಗಳ ಊರುಗಳನ್ನು ಹುಡುಕಿದರು, ನ್ತ್ಸ್ವಾನಾತ್ಸಾತ್ಸಿಯಲ್ಲೇ ಅಗೆದರು. 1976ರಲ್ಲಿ ಬಂದ ಅವರ ಗ್ರಂಥದಲ್ಲಿ, ಈ ಬಯಲಿನ ಊರುಗಳಲ್ಲಿ ಎಲ್ಲಕ್ಕಿಂತ ಹಳೆಯ ಮಾದರಿಗೆ ಆ ಗುಡ್ಡದ ಹೆಸರಿನ ಮೊದಲಕ್ಷರವನ್ನೇ ಕೊಟ್ಟಿದ್ದಾರೆ. ಬಾಯಿಮಾತಿನ ಕಥೆ ತೋರಿಸಿದ ಜಾಗದಲ್ಲೇ ಹಳೆಯ ಗೋಡೆಗಳು ಸಿಕ್ಕವು ಎಂದು ಓದಿದಾಗ ನನಗಾದ ಸಂತೋಷ ಇಷ್ಟಲ್ಲ.

ಆ ಊರುಗಳ ಕಟ್ಟಣೆ ನೋಡುವಂಥದ್ದು. ನಡುವೆ ದನದ ದೊಡ್ಡಿ, ಸುತ್ತ ಮನೆಗಳು, ದೊಡ್ಡಿಯ ಪಕ್ಕದಲ್ಲೇ ಗಂಡಸರು ಕೂತು ನ್ಯಾಯ ತೀರ್ಮಾನಿಸುವ ಖೋತ್ಲಾ. ಆ ಬಯಲಿನಲ್ಲಿ ಮರವೇ ಇಲ್ಲ. ಹಾಗಾಗಿ ಗೋಡೆಗೆ ಕಲ್ಲು, ಒಲೆಗೆ ದೊಡ್ಡಿಯ ಒಣಸಗಣಿ. ಇದ್ದಿಲಿಲ್ಲದ ಕಡೆ ಅದಿರು ಕರಗಿಸುವುದೆಲ್ಲಿ ಬಂತು? ಗುದ್ದಲಿಯ ಕಬ್ಬಿಣವನ್ನು ದೂರದವರಿಂದ ವಿನಿಮಯ ಮಾಡಿಕೊಳ್ಳಬೇಕಿತ್ತು. ಕೆಲವೆಡೆ ಗುಡಿಸಲಿನ ಚಾವಣಿಯೂ ಕಲ್ಲಿನದೇ. ಸುತ್ತಲೂ ಚಪ್ಪಡಿಗಳನ್ನು ಒಂದರ ಮೇಲೊಂದು ಸ್ವಲ್ಪ ಸ್ವಲ್ಪವೇ ಒಳಚಾಚಿ ಇಟ್ಟು, ಕೊನೆಗೆ ತಲೆಯ ಮೇಲೆ ಒಂದು ಕಲ್ಲು ಮುಚ್ಚಿದ ಗೂಡು. ಬಾಗಿಲು ಎಷ್ಟು ಗಿಡ್ಡ ಎಂದರೆ ತೆವಳಿಯೇ ಒಳಗೆ ಹೋಗಬೇಕು. ಬೆಳೆ ನಮ್ಮ ಬಿಳಿಜೋಳದ ಜಾತಿಯದು. ಅದನ್ನು ತುಂಬಲು ಆಳೆತ್ತರದ ಹುಲ್ಲುಹೆಣಿಗೆಯ ಕಣಜ. ಮುಸುಕಿನ ಜೋಳ ಬಂದದ್ದು ಬಹಳ ತಡವಾಗಿ.

ಇನ್ನು ಜಗಳಗಳು. ಅರಸನಿಗೆ ಹಲವು ಹೆಂಡಿರು, ಹಲವು ಮನೆಗಳು. ಪಟ್ಟ ಹಿರಿಯ ಮನೆಯ ಹಿರಿಯ ಮಗನಿಗೆ. ಉಳಿದವರು ಅವನ ಕೈಕೆಳಗೆ ಇರಬೇಕು, ಇಲ್ಲವೇ ತಮ್ಮ ದನ, ತಮ್ಮ ಜನ ಕಟ್ಟಿಕೊಂಡು ಹೊಸ ಮೇವಿನ ಜಾಗ ಹುಡುಕಬೇಕು. ಬಯಲು ವಿಶಾಲವಾಗಿದ್ದಷ್ಟು ಕಾಲ ಎರಡನೆಯದೇ ಸಲೀಸು. ಹುರುತ್ಶೆ, ಕ್ವೇನಾ, ನ್ಗ್ವಾಕೆತ್ಸೆ, ನ್ಗ್ವಾತೊ ಎಲ್ಲರೂ ಹೀಗೆ ಒಂದೇ ಬೇರಿನಿಂದ ಒಡೆದ ಕವಲುಗಳು ಎನ್ನುತ್ತವೆ ಅವರ ವಂಶಾವಳಿಗಳು. ಹುರುತ್ಶೆಗಳು ಹಿರಿಯರು, ಹೊಸ ಬೆಳೆಯನ್ನು ಮೊದಲು ಬಾಯಿಗಿಡುವ ಹಕ್ಕು ಅವರದು. ಅವರಲ್ಲೊಂದು ಕಥೆಯಿದೆ: ಅರಸನ ಮಗನೊಬ್ಬ ಹಿಡಿದು ಸಾಕಿದ್ದ ಬಬೂನ್ ಮರಿಯನ್ನು ಇನ್ನೊಬ್ಬ ತಪ್ಪಿಸಿಕೊಳ್ಳಲು ಬಿಟ್ಟ, ಆ ಜಗಳದಲ್ಲಿ ಕುಲವೇ ಇಬ್ಭಾಗವಾಯಿತು, ಆ ಬಬೂನೇ ಸೆಬೊಕೊ ಆಯಿತು. ಖತ್ಲಾಗಳಿಂದ ಒಡೆದ ಇನ್ನೊಂದು ಗುಂಪು ಸುಮಾರು 1650ರಲ್ಲಿ ಪೂರ್ವಕ್ಕೆ ಹೋಗಿ ಸ್ಟೀಲ್‌ಪೂರ್ಟ್ ನದಿಯಾಚೆ ಪೆಡಿ ರಾಜ್ಯ ಕಟ್ಟಿತು.

ಇವರನ್ನು ಅಲೆಮಾರಿಗಳು ಎಂದು ಬರೆದ ಪುಸ್ತಕಗಳನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. 1820ರಲ್ಲಿ ಜಾನ್ ಕ್ಯಾಂಪ್‌ಬೆಲ್ ಎಂಬ ಮಿಷನರಿ ಹುರುತ್ಶೆಗಳ ರಾಜಧಾನಿ ಕದಿತ್ಶ್ವೇನೆಗೆ ಹೋದಾಗ ಅಲ್ಲಿ 16ರಿಂದ 20 ಸಾವಿರ ಜನ ಇರಬಹುದೆಂದು ಅಂದಾಜು ಮಾಡಿದ. ಆಗಿನ ಕೇಪ್‌ಟೌನ್ ಅದಕ್ಕಿಂತ ಬಹಳ ದೊಡ್ಡದೇನಲ್ಲ.

ಕೆಲವೇ ವರ್ಷಗಳಲ್ಲಿ ಆ ಊರು ಪಾಳುಬಿತ್ತು. 1820ರ ದಶಕದ ಆ ಹಾಹಾಕಾರವನ್ನು ಬಸೊಥೊ ಜನ ಲಿಫಕಾನೆ ಎನ್ನುತ್ತಾರೆ. ಎಲ್ಲಕ್ಕೂ ಜುಲು ರಾಜ ಶಾಕಾನೇ ಕಾರಣ ಎಂದು ನಾನೂ ತರಗತಿಯಲ್ಲಿ ಓದಿಸಬೇಕಿತ್ತು. 1988ರಲ್ಲಿ ಜೂಲಿಯನ್ ಕಾಬಿಂಗ್ ಎಂಬ ಇತಿಹಾಸಕಾರರು ಈ ಕಥೆಯನ್ನೇ ಪ್ರಶ್ನಿಸಿ, ಡೆಲಗೋವಾ ಕೊಲ್ಲಿಯ ಗುಲಾಮರ ವ್ಯಾಪಾರ, ಕೇಪ್ ವಸಾಹತಿಗೆ ಆಳು ಹಿಡಿಯುವ ದಾಳಿಗಳ ಕಡೆ ಕೈ ತೋರಿಸಿದರು. ಅವರು ಹೇಳಿದ್ದೆಲ್ಲವನ್ನೂ ಒಪ್ಪದವರೂ ಬರಗಾಲ, ಕುದುರೆ ಏರಿ ಬಂದೂಕು ಹಿಡಿದು ಬರುತ್ತಿದ್ದ ಗ್ರಿಕ್ವಾ ಮತ್ತು ಕೋರಾ ದಾಳಿಕೋರರನ್ನು ಈಗ ಲೆಕ್ಕಕ್ಕೆ ಹಿಡಿಯುತ್ತಾರೆ. 1822ರಲ್ಲಿ ಹ್ಲುಬಿ ಜನ ಪರ್ವತ ದಾಟಿ ಬಂದು ಟ್ಲೊಕ್ವಾ ಕುಲದ ಮೇಲೆ ಬಿದ್ದರು. ಟ್ಲೊಕ್ವಾಗಳನ್ನು ಆಗ ನಡೆಸುತ್ತಿದ್ದವಳು ಮಂಥಾತಿಸಿ; ಗಂಡ ಸತ್ತಿದ್ದ, ಮಗ ಸೆಕೊನ್ಯೆಲಾ ಎಳೆಯವನು. ಮನೆ ಮಠ ಕಳೆದುಕೊಂಡ ಜನರನ್ನು ಕಟ್ಟಿಕೊಂಡು ಆಕೆ ಬಯಲಲ್ಲಿ ಸುತ್ತಿದಳು, ದೋಚಿದಳು, ಬದುಕಿಸಿದಳು. ಅವಳಿಗೆ ಹಣೆಯಲ್ಲಿ ಒಂದೇ ಕಣ್ಣು, ಸೈನ್ಯಕ್ಕೆ ತನ್ನ ಮೊಲೆಹಾಲು ಕುಡಿಸುತ್ತಾಳೆ ಎಂದೆಲ್ಲ ವದಂತಿ ಹಬ್ಬಿತು. ಕೊನೆಗೆ ವಸಾಹತಿನವರು ಸಿಕ್ಕಸಿಕ್ಕ ನಿರಾಶ್ರಿತರನ್ನೆಲ್ಲ ಅವಳ ಹೆಸರಿನಿಂದಲೇ ಕರೆದರು.

ಮಂಥಾತಿಸಿಯ ಜನರ ಒತ್ತಡದಿಂದಲೇ ಕ್ವೇನಾ ಕುಲದ ಸಣ್ಣ ಕವಲೊಂದರ ಮುಖಂಡ ಮೊಶ್ವೆಶ್ವೆ 1824ರ ಚಳಿಗಾಲದಲ್ಲಿ ಬುಥಾ-ಬುಥೆ ಬಿಟ್ಟ. ನೂರು ಕಿಲೋಮೀಟರಿಗೂ ಮಿಕ್ಕಿದ ದಾರಿಯಲ್ಲಿ, ಹಿಂದೆ ಬಿದ್ದ, ಪೇಟೆ ಎಂಬ ಹೆಸರಿನ ಅವನ ಮುದಿ ಅಜ್ಜನನ್ನು ಹಸಿವಿನಿಂದ ನರಭಕ್ಷಕರಾಗಿದ್ದವರು ಹಿಡಿದು ತಿಂದರು. ಅವರು ಸಿಕ್ಕಿಬಿದ್ದಾಗ ಮೊಶ್ವೆಶ್ವೆ ಕೊಲ್ಲಲಿಲ್ಲ. ಇವರ ಹೊಟ್ಟೆಯೇ ನನ್ನ ಅಜ್ಜನ ಸಮಾಧಿ ಎಂದು ತಿಥಿಯ ಶಾಸ್ತ್ರವನ್ನು ಅವರ ಮೈಮೇಲೆಯೇ ಮಾಡಿಸಿ, ನೆಲ ಕೊಟ್ಟು ಬದುಕಲು ಬಿಟ್ಟ ಎಂದು ಪ್ರತೀತಿ. ಅವನು ನೆಲೆಸಿದ ಥಾಬಾ ಬೊಸಿಯು ನೆತ್ತಿ ಸಪಾಟಾದ ಬೆಟ್ಟ, ಸುತ್ತಲೂ ಕಡಿದಾದ ಬಂಡೆ, ಮೇಲೆ ಬತ್ತದ ಒರತೆಗಳು. ಖುಬೆಲು ಕಣಿವೆದಾರಿಯಲ್ಲಿ ಏದುಸಿರು ಬಿಡುತ್ತ ಹತ್ತಿದಾಗ, ಮೇಲಿನಿಂದ ಉರುಳಿಸುವ ಒಂದು ಕಲ್ಲಿಗೆ ಎಷ್ಟು ಬಲವಿತ್ತು ಎಂದು ನನಗೆ ಅರ್ಥವಾಯಿತು. ಬಂದವರಿಗೆಲ್ಲ ಮೊಶ್ವೆಶ್ವೆ ಮೇಯಿಸಲು ದನ ಕೊಟ್ಟ. ದನ ಅವನದು, ಹಾಲು ಮೇಯಿಸುವವರದು. ಸಿಂಹದವರು ಸಿಂಹದವರಾಗಿಯೇ ಉಳಿದರು. ಸೊಥೊ ಭಾಷೆಯೇ ಬಾರದ ಫುಥಿ, ಝಿಝಿ ಜನರೂ ಬಸೊಥೊ ಆದರು. ಇಂದು ನಾವು ಬಸೊಥೊ ಎಂದು ಕರೆಯುವ ಜನ ರೂಪುಗೊಂಡದ್ದು ಆ ಬೆಟ್ಟದ ಸುತ್ತ, ಅಷ್ಟು ಈಚೆಗೆ.

ಡಚ್ ಮೂಲದ ಬಿಳಿ ವಲಸಿಗರಾದ ಬೋಯರರೊಂದಿಗಿನ ಯುದ್ಧಗಳ ಕೊನೆಗೆ, 1868ರಲ್ಲಿ ಬ್ರಿಟಿಷರ ಆಶ್ರಯ ಸಿಕ್ಕಿತು. 1869ರ ಒಪ್ಪಂದದಲ್ಲಿ ಕ್ಯಾಲೆಡನ್ ನದಿಯ ಪಶ್ಚಿಮದ ಫಲವತ್ತಾದ ನೆಲ ಹೋಯಿತು. ನ್ತ್ಸ್ವಾನಾತ್ಸಾತ್ಸಿ ಈಗ ಗಡಿಯಾಚೆ. 1861ರಲ್ಲಿ ಬಂದ ಮಿಷನರಿ ಎಲೆನ್‌ಬರ್ಗರ್, ಮಸಿತಿಸೆಯ ಗುಹೆಯೊಂದರಲ್ಲಿ ಮನೆ ಮಾಡಿಕೊಂಡು ಮುದುಕರ ಬಾಯಿಂದ ಕುಲಗಳ ವಂಶಾವಳಿ ಬರೆದುಕೊಂಡದ್ದು ಈ ಹಿನ್ನೆಲೆಯಲ್ಲಿ. 1912ರಲ್ಲಿ ಅಚ್ಚಾದ ಅವನ ಇತಿಹಾಸವಿಲ್ಲದಿದ್ದರೆ ಎಷ್ಟೋ ಹೆಸರುಗಳು ನಮಗೆ ಸಿಗುತ್ತಿರಲಿಲ್ಲ.

ಲಿಫಕಾನೆಯಲ್ಲಿ ಚದುರಿದವರ ಪೈಕಿ ಎಲ್ಲರಿಗಿಂತ ದೂರ ಹೋದವನು ಫೊಕೆಂಗ್ ಕುಲದ ಸೆಬೆತ್ವಾನೆ. 1823ರಲ್ಲಿ ದಿಥಾಕೊಂಗ್‌ನಲ್ಲಿ ಗ್ರಿಕ್ವಾಗಳ ಬಂದೂಕಿಗೆ ಹಲವು ಕುಲಗಳ ದೊಡ್ಡ ಗುಂಪೊಂದು ಚದುರಿತು. ಅದರಲ್ಲಿದ್ದ ಅವನು ಉಳಿದವರನ್ನು ಕರೆದುಕೊಂಡು ಉತ್ತರಕ್ಕೆ ತಿರುಗಿದ. ಕಲಹಾರಿಯ ಅಂಚು, ಉಪ್ಪಿನ ಬಯಲುಗಳು, ದಾರಿಯುದ್ದಕ್ಕೂ ಕಾದಾಟ. ಸಾವಿರ ಕಿಲೋಮೀಟರಿಗೂ ಆಚೆ ಜಾಂಬೆಜಿ ನದಿಯ ಮೇಲ್ದಂಡೆಗೆ ಹೋಗಿ, ಸುಮಾರು 1840ರಲ್ಲಿ ಅಲ್ಲಿನ ಲೋಜಿ ರಾಜ್ಯವನ್ನು ಗೆದ್ದ. ಹೊರಟವರಿಗಿಂತ ದಾರಿಯಲ್ಲಿ ಸೇರಿದವರೇ ಹೆಚ್ಚಾಗಿದ್ದ ಆ ಜನಕ್ಕೆ ಕೊಲೊಲೊ ಎಂದು ಹೆಸರಾಯಿತು. 1851ರಲ್ಲಿ ಲಿವಿಂಗ್‌ಸ್ಟನ್ ಅವನನ್ನು ಕಂಡು ಮೆಚ್ಚಿದ. ಅದಾದ ಕೆಲವೇ ದಿನಗಳಲ್ಲಿ ಸೆಬೆತ್ವಾನೆ ತೀರಿಕೊಂಡ. ಎತ್ತರದ ಚಳಿನಾಡಿನಿಂದ ಬಂದವರನ್ನು ಜೌಗುನಾಡಿನ ಮಲೇರಿಯಾ ಅರೆದುಹಾಕಿತು. 1864ರಲ್ಲಿ ಲೋಜಿಗಳು ದಂಗೆಯೆದ್ದು ಕೊಲೊಲೊ ಗಂಡಸರಲ್ಲಿ ಹೆಚ್ಚಿನವರನ್ನು ಕೊಂದು, ಹೆಂಗಸರು ಮಕ್ಕಳನ್ನು ಉಳಿಸಿಕೊಂಡರು.

ಭಾಷೆ ಆ ಹೆಂಗಸರೊಂದಿಗೆ ಉಳಿಯಿತು. ನಮ್ಮ ಲೆರಿಬೆಯಲ್ಲೇ ಬಹುಕಾಲ ಇದ್ದ ಫ್ರೆಂಚ್ ಮಿಷನರಿ ಕೊಯ್ಯಾರ್, ಬಸೊಥೊ ಸುವಾರ್ತಿಕರನ್ನು ಕರೆದುಕೊಂಡು ಜಾಂಬೆಜಿಗೆ ಹೋದಾಗ ಅಲ್ಲಿ ಸೆಸೊಥೊ, ಅಂದರೆ ಬಸೊಥೊ ಜನರ ಮಾತು, ನಡೆಯುತ್ತಿತ್ತು. 1880ರ ದಶಕದಲ್ಲಿ ಮಿಷನ್ ತೆರೆದಾಗ ಸೆಸೊಥೊ ಪುಸ್ತಕಗಳಿಂದಲೇ ಪಾಠ ಶುರುವಾಯಿತು. ಪಶ್ಚಿಮ ಜಾಂಬಿಯಾದ ಸಿಲೋಜಿ ಭಾಷೆ ಇವತ್ತಿಗೂ ಸೊಥೊ ಬಳಗದ್ದು.

ನಮ್ಮ ಶಾಲೆಗೆ ಅದೇ ಪಶ್ಚಿಮ ಜಾಂಬಿಯಾದ ಮೊಂಗು ಊರಿನಿಂದ ಒಬ್ಬ ಗಣಿತದ ಮೇಷ್ಟ್ರು ಬಂದರು. ನಾನು ತಿಂಗಳುಗಟ್ಟಲೆ ತಡವರಿಸಿದ ಮಾತನ್ನು ಅವರು ಬಂದ ದಿನವೇ ಅಡುಗೆಮನೆಯ ಹೆಂಗಸರ ಜೊತೆ ಆಡುತ್ತ ನಿಂತಿದ್ದರು. ಅವರ ಕೆಲವು ಮಾತಿಗೆ ಹೆಂಗಸರು ಸೆರಗು ಬಾಯಿಗಿಟ್ಟವರಂತೆ ನಗುತ್ತಿದ್ದರು. ನ್ತಾತೆ ಎಲ್ಲರಿಗೂ ಕೇಳುವ ಪ್ರಶ್ನೆಯನ್ನು ಅವರಿಗೂ ಕೇಳಿದರು: ನಿಮ್ಮದು ಯಾವ ಪ್ರಾಣಿ? ತಾನು ಲೋಜಿ, ಸೆಬೆತ್ವಾನೆಯ ಗಂಡಸರನ್ನು ಕೊಂದವರ ಕಡೆಯವನು ಎಂದು ಆ ಮೇಷ್ಟ್ರು ಹೇಳಿದರು. ಹೇಳಿದ್ದು ಸೆಬೆತ್ವಾನೆಯ ಭಾಷೆಯಲ್ಲೇ. ನ್ತಾತೆ ಸ್ವಲ್ಪ ಯೋಚಿಸಿ, ‘ಹಾಗಾದರೆ ನಿಮ್ಮ ಅಜ್ಜಿಯ ಕಡೆಯಿಂದ ಕೇಳಿ ನೋಡಿ’ ಎಂದು, ಪಕ್ಕದಲ್ಲಿ ಕೂರಿಸಿಕೊಂಡು ಫೊಕೆಂಗ್ ಅರಸರ ಹೆಸರುಗಳನ್ನು ಮೊದಲಿನಿಂದ ಹೇಳತೊಡಗಿದರು.