ಪನ್‌ಮುಂಜೋಮ್‌ನಿಂದ ನಿಕೋಸಿಯಾದವರೆಗೆ: ಜನರಲ್ ತಿಮ್ಮಯ್ಯ ಮತ್ತು ಶಾಂತಿಪಾಲನೆ

ಶಾಂತಿಪಾಲನೆ, ಅಂದರೆ ಕಾದಾಡಿದ ಪಕ್ಷಗಳ ಒಪ್ಪಿಗೆ ಪಡೆದು ಅವುಗಳ ನಡುವೆ ನಿಂತು, ಆತ್ಮರಕ್ಷಣೆಗಲ್ಲದೆ ಬಲ ಪ್ರಯೋಗಿಸದೆ ಕದನವಿರಾಮವನ್ನು ಕಾಯುವ ಸೈನಿಕ ವೃತ್ತಿ, 1956ರ ಸೂಯೆಜ್ ಬಿಕ್ಕಟ್ಟಿನಲ್ಲಿ ರೂಪುಗೊಂಡಿತೆಂದು ಸಾಮಾನ್ಯವಾಗಿ ಹೇಳಲಾಗುತ್ತದೆ. ಆದರೆ ಆ ವೃತ್ತಿಯ ಅತ್ಯಂತ ಕಠಿಣ ಪ್ರಶ್ನೆಗಳು ಅದಕ್ಕೆ ಮೂರು ವರ್ಷ ಮೊದಲೇ ಕೊರಿಯಾದಲ್ಲಿ ಎದುರಾಗಿದ್ದವು. ಅವುಗಳಿಗೆ ಉತ್ತರ ಹುಡುಕುವ ಹೊಣೆ ಬಿದ್ದದ್ದು ಮಡಿಕೇರಿಯಲ್ಲಿ 1906ರಲ್ಲಿ ಹುಟ್ಟಿ, ಬೆಂಗಳೂರಿನ ಬಿಷಪ್ ಕಾಟನ್ ಶಾಲೆಯಲ್ಲಿ ಓದಿ, ಎರಡನೆಯ ಮಹಾಯುದ್ಧದಲ್ಲಿ ಬರ್ಮಾ ರಣರಂಗದಲ್ಲಿ ಬ್ರಿಗೇಡ್ ಒಂದನ್ನು ಮುನ್ನಡೆಸಿದ್ದ ಕೊಡಂದೇರ ಸುಬ್ಬಯ್ಯ ತಿಮ್ಮಯ್ಯನವರ ಮೇಲೆ.

ಕೊರಿಯಾ ಯುದ್ಧದ ಸಂಧಾನ ಒಂದು ವರ್ಷಕ್ಕೂ ಹೆಚ್ಚು ಕಾಲ ಕಗ್ಗಂಟಾಗಿ ನಿಂತದ್ದು ಗಡಿಯ ವಿಚಾರಕ್ಕಲ್ಲ, ಸ್ವದೇಶಕ್ಕೆ ಮರಳಲು ಒಲ್ಲೆವೆಂದ ಯುದ್ಧಕೈದಿಗಳ ವಿಚಾರಕ್ಕೆ. 1953ರ ಜುಲೈ 27ರಂದು ಸಹಿಯಾದ ಕದನವಿರಾಮದ ಒಪ್ಪಂದವು ಇವರನ್ನು ತಟಸ್ಥ ರಾಷ್ಟ್ರಗಳ ಆಯೋಗವೊಂದರ ವಶಕ್ಕೆ ಒಪ್ಪಿಸಿತು. ಸ್ವೀಡನ್, ಸ್ವಿಟ್ಜರ್ಲೆಂಡ್, ಪೋಲೆಂಡ್, ಚೆಕೊಸ್ಲೊವಾಕಿಯಾ ಮತ್ತು ಭಾರತ ಅದರ ಸದಸ್ಯರಾದರೆ, ತಿಮ್ಮಯ್ಯನವರು ಅಧ್ಯಕ್ಷರಾದರು. ಕೈದಿಗಳನ್ನು ಕಾಯುವ ಪಡೆ ಮೇಜರ್ ಜನರಲ್ ಎಸ್.ಪಿ.ಪಿ. ಥೋರಟ್ ಅವರ ನೇತೃತ್ವದ ಭಾರತೀಯರದು. ಅದು ವಿಶ್ವಸಂಸ್ಥೆಯ ಪಡೆಯಾಗಿರಲಿಲ್ಲ ಎಂಬುದನ್ನು ಗಮನಿಸಬೇಕು, ಏಕೆಂದರೆ ಆ ಯುದ್ಧದಲ್ಲಿ ವಿಶ್ವಸಂಸ್ಥೆಯ ಹೆಸರಿನ ಸೇನೆಯೇ ಒಂದು ಪಕ್ಷವಾಗಿತ್ತು. ದಕ್ಷಿಣ ಕೊರಿಯಾದ ಅಧ್ಯಕ್ಷ ಸಿಂಗ್‌ಮನ್ ರೀ ತಮ್ಮ ನೆಲದ ಮೇಲೆ ಭಾರತೀಯ ಸೈನಿಕರು ಕಾಲಿಡಕೂಡದೆಂದು ಹಟ ಹಿಡಿದದ್ದರಿಂದ, ಹಡಗಿನಲ್ಲಿ ಬಂದ ಸೈನಿಕರನ್ನು ಹೆಲಿಕಾಪ್ಟರ್‌ಗಳಲ್ಲಿ ನೇರವಾಗಿ ಪನ್‌ಮುಂಜೋಮ್ ಬಳಿಯ ಸೇನಾಮುಕ್ತ ವಲಯಕ್ಕೆ ಇಳಿಸಬೇಕಾಯಿತು.

ಅಲ್ಲಿ ಕಾದಿದ್ದವರು 22,600ಕ್ಕೂ ಹೆಚ್ಚು ಚೀನೀ ಮತ್ತು ಉತ್ತರ ಕೊರಿಯಾದ ಕೈದಿಗಳು. ಎದುರು ಪಕ್ಷದಿಂದ ಬಂದವರು 359 ಮಂದಿ ಮಾತ್ರ. ಒಪ್ಪಂದದ ಪ್ರಕಾರ ಪ್ರತಿಯೊಬ್ಬ ಕೈದಿಯನ್ನೂ ಗುಡಾರವೊಂದಕ್ಕೆ ಕರೆತಂದು, ಅವನ ದೇಶದ ಪ್ರತಿನಿಧಿಗಳು ಮರಳಿ ಬರುವಂತೆ ವಿವರಿಸುವುದನ್ನು ಆಯೋಗದವರ ಸಮ್ಮುಖದಲ್ಲಿ ಕೇಳಿಸಬೇಕಿತ್ತು. ಗುಡಾರಕ್ಕೆ ಹೊರಹೋಗುವ ಬಾಗಿಲುಗಳು ಎರಡು: ಒಂದು ಸ್ವದೇಶದ ಕಡೆಗೆ, ಇನ್ನೊಂದು ಶಿಬಿರದ ಕಡೆಗೆ. ಅನೇಕರು ವಿವರಣೆ ಕೇಳಿಸಿಕೊಳ್ಳದೆ ಕೂಗಾಡುತ್ತ, ವಿವರಿಸುವವರ ಮೇಲೆಯೇ ಏರಿಹೋಗುತ್ತಿದ್ದರು. ಅವರನ್ನು ತಡೆದು ಹಿಡಿಯುವ ಕೆಲಸ ಇಕ್ಕೆಲಗಳಲ್ಲಿ ನಿಂತ ಭಾರತೀಯ ಸಿಪಾಯಿಗಳದಾಗಿತ್ತು. ಕೈದಿಗಳ ನಾಯಕರು ಗುಡಾರಕ್ಕೆ ಬರುವುದನ್ನೇ ನಿರಾಕರಿಸಿದಾಗ ಬಲವಂತವಾಗಿ ಎಳೆತರಬೇಕೇ ಎಂಬ ಪ್ರಶ್ನೆ ಎದ್ದಿತು. ಆಯೋಗ ಇಬ್ಬಾಗವಾಗುತ್ತಿದ್ದ ಇಂಥ ವಿಷಯಗಳಲ್ಲಿ ಭಾರತದ ಮತವೇ ನಿರ್ಣಾಯಕ, ಮತ್ತು ತಿಮ್ಮಯ್ಯನವರು ಬಲಪ್ರಯೋಗಕ್ಕೆ ಒಪ್ಪಲಿಲ್ಲ. ಶಿಬಿರದ ಗಲಭೆಗಳಲ್ಲಿ ಕಾವಲುಗಾರರು ಗುಂಡು ಹಾರಿಸಿ ಕೈದಿಗಳು ಸತ್ತ ಘಟನೆಗಳು ನಡೆದಿದ್ದವು. ಎಳೆತರುವ ದಾರಿ ಹಿಡಿದಿದ್ದರೆ ಅದು ರಕ್ತಪಾತವಾಗುತ್ತಿತ್ತೆಂಬುದರಲ್ಲಿ ಅನುಮಾನವಿಲ್ಲ.

ಇದರ ಫಲವಾಗಿ ಡಿಸೆಂಬರ್ 23ರಂದು ಅವಧಿ ಮುಗಿದಾಗ ಬಹುಪಾಲು ಕೈದಿಗಳಿಗೆ ವಿವರಣೆಯೇ ತಲುಪಿರಲಿಲ್ಲ. ಕೈದಿಗಳ ಭವಿಷ್ಯ ನಿರ್ಧರಿಸಬೇಕಿದ್ದ ರಾಜಕೀಯ ಸಮ್ಮೇಳನವೂ ಸೇರಲಿಲ್ಲ. ತಿಮ್ಮಯ್ಯನವರು ಕೈದಿಗಳನ್ನು ತಾವಾಗಿ ಬಿಡುಗಡೆ ಮಾಡದೆ, 1954ರ ಜನವರಿಯಲ್ಲಿ ಮೊದಲು ಹಿಡಿದಿಟ್ಟಿದ್ದ ಪಕ್ಷಗಳಿಗೇ ಮರಳಿಸಲು ತೀರ್ಮಾನಿಸಿದರು. ಈ ತೀರ್ಮಾನ ಎರಡೂ ಕಡೆಯವರಿಗೆ ಹಿಡಿಸಲಿಲ್ಲ. ಆದರೂ ಒಪ್ಪಂದ ತಮಗೆ ಕೊಡದ ಅಧಿಕಾರವನ್ನು ಚಲಾಯಿಸದಿದ್ದುದೇ ಅವರ ಅತಿ ದೊಡ್ಡ ಸಾಧನೆ ಎನ್ನಬೇಕು. ಯಾವ ಕಡೆಗೂ ಹೋಗಲೊಲ್ಲದ 88 ಮಂದಿ ಭಾರತೀಯ ಪಡೆಯೊಂದಿಗೇ ಭಾರತಕ್ಕೆ ಬಂದರು. ಅದೇ ವರ್ಷ ತಿಮ್ಮಯ್ಯನವರಿಗೆ ಪದ್ಮಭೂಷಣ ಸಂದಿತು.

1957ರಿಂದ 1961ರವರೆಗೆ ಭೂಸೇನೆಯ ಮುಖ್ಯಸ್ಥರಾಗಿದ್ದು ನಿವೃತ್ತರಾದ ಅವರನ್ನು ವಿಶ್ವಸಂಸ್ಥೆ 1964ರಲ್ಲಿ ನಿಕೋಸಿಯಾ ರಾಜಧಾನಿಯಾಗಿರುವ ಸೈಪ್ರಸ್‌ಗೆ ಕರೆಯಿತು. ಗ್ರೀಕ್ ಮತ್ತು ತುರ್ಕಿ ಸಮುದಾಯಗಳ ಕಲಹ ತಡೆಯಲು ಭದ್ರತಾ ಮಂಡಳಿ ಅದೇ ಮಾರ್ಚ್‌ನಲ್ಲಿ ರಚಿಸಿದ್ದ ಪಡೆಗೆ ಮೊದಲ ದಂಡನಾಯಕರೂ ಭಾರತೀಯರೇ, ಪಿ.ಎಸ್. ಗ್ಯಾನಿ. ತಿಮ್ಮಯ್ಯನವರು ಅಧಿಕಾರ ವಹಿಸಿಕೊಂಡ ಕೆಲವೇ ವಾರಗಳಲ್ಲಿ, ಆಗಸ್ಟ್‌ನಲ್ಲಿ, ಕೊಕ್ಕಿನಾ ಬಳಿ ಕಾಳಗ ನಡೆದು ತುರ್ಕಿಯ ವಿಮಾನಗಳು ಬಾಂಬು ಸುರಿಸಿದವು. ಪನ್‌ಮುಂಜೋಮ್‌ನಲ್ಲಿ ಬೇಲಿಯೊಳಗಿದ್ದ ಜನ ಇಲ್ಲಿ ಊರುಕೇರಿಗಳಲ್ಲಿ ಹರಡಿದ್ದರು, ಆದರೆ ಪಕ್ಷಪಾತದ ಆರೋಪ ಬಾರದಂತೆ ನಡುವೆ ನಿಲ್ಲುವ ಕಷ್ಟ ಅದೇ ಆಗಿತ್ತು.

1965ರ ಡಿಸೆಂಬರ್ 18ರಂದು ಕರ್ತವ್ಯದಲ್ಲಿರುವಾಗಲೇ ಅವರು ಹೃದಯಾಘಾತದಿಂದ ತೀರಿಕೊಂಡರು. ಪಾರ್ಥಿವ ಶರೀರವನ್ನು ಬೆಂಗಳೂರಿಗೆ ತರಲಾಯಿತು. ಸೈಪ್ರಸ್ 1966ರಲ್ಲಿ ಅವರ ಸ್ಮರಣೆಗೆ ಅಂಚೆಚೀಟಿ ಹೊರಡಿಸಿತು. ಮಡಿಕೇರಿಯ ಅವರ ಮನೆ ‘ಸನ್ನಿಸೈಡ್’ 2021ರಲ್ಲಿ ವಸ್ತುಸಂಗ್ರಹಾಲಯವಾಯಿತು. ಕೊರಿಯಾದ ದಿನಗಳನ್ನು ಕುರಿತು ಅವರೇ ಬರೆದಿಟ್ಟಿದ್ದ ‘ಎಕ್ಸ್‌ಪೆರಿಮೆಂಟ್ ಇನ್ ನ್ಯೂಟ್ರಾಲಿಟಿ’ ಅಚ್ಚಾದದ್ದು 1981ರಲ್ಲಿ.